ಕೇಳಿದ್ದಕ್ಕೆ ಸಾಕ್ಷಿ

ಬೆಳಿಗ್ಗೆ ಹತ್ತೂವರೆ. ಜಿಲ್ಲಾ ಕೇಂದ್ರದ ಪಶುಸಂಗೋಪನಾ ಇಲಾಖೆಯ ಕಚೇರಿ. ನೀವು ಅಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಹಾಜರಿ ಹಾಕಿ, ಟಪಾಲು ಬಿಡಿಸಿ, ಆವಕ ವಹಿಯಲ್ಲಿ ನಂಬರು ಬರೆಯುತ್ತಿರುವಾಗ ಉಪನಿರ್ದೇಶಕರು ಒಳಗೆ ಕರೆಸುತ್ತಾರೆ. ಅವರ ಮುಂದೆ ಒಂದು ಪತ್ರ. ಲೋಕಾಯುಕ್ತ ಪೊಲೀಸ್ ಠಾಣೆಗೆ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ಸ್ವತಂತ್ರ ಸಾಕ್ಷಿಗಳಾಗಿ, ಕಳಿಸಿಕೊಡಬೇಕು. ಯಾವ ಪ್ರಕರಣ, ಯಾರ ಮೇಲೆ, ಯಾವ ಊರು, ಒಂದಕ್ಷರವೂ ಇಲ್ಲ. "ನೀವೂ ನಮ್ಮ ಎಫ್‌ಡಿಎ ಅವರೂ ಈಗಲೇ ಹೊರಡಿ" ಎನ್ನುತ್ತಾರೆ. ಎಫ್‌ಡಿಎ ಎಂದರೆ ಪ್ರಥಮ ದರ್ಜೆ ಸಹಾಯಕರು.

ಹೊರಗೆ ಬಂದರೆ ಪಕ್ಕದ ಮೇಜಿನವರು ದನಿ ತಗ್ಗಿಸುತ್ತಾರೆ. "ಹುಷಾರಿಲ್ಲ ಅಂತ ರಜೆ ಚೀಟಿ ಕೊಟ್ಟುಬಿಡಿ ಮೇಡಂ. ವರ್ಷಗಟ್ಟಲೆ ಕೋರ್ಟಿಗೆ ಅಲೀಬೇಕು. ಸಿಕ್ಕಿಬೀಳೋ ಇಲಾಖೆಯೋರು ನಿಮ್ಮ ಮುಖ ಮರೆಯಲ್ಲ." ಅವರು ಕೆಟ್ಟವರಲ್ಲ, ನಿಮ್ಮ ಮೇಲಿನ ಕಾಳಜಿಗೇ ಹೇಳುತ್ತಿದ್ದಾರೆ. ಆದರೂ ನೀವು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತೀರಿ.

ಈ ದಿನ ಯಾವುದೇ ಒಂದು ಕಚೇರಿಯದಲ್ಲ, ಯಾರೊಬ್ಬರ ಹೆಸರೂ ಇದರಲ್ಲಿಲ್ಲ. ಕರ್ನಾಟಕದ ಯಾವ ತಾಲ್ಲೂಕಿನಲ್ಲಿ ಲಂಚಕೋರರಿಗೆ ಬಲೆ ಬೀಸಿದರೂ ಕ್ರಮ ಹೆಚ್ಚುಕಡಿಮೆ ಇದೇ. ಆ ಕ್ರಮದೊಳಗೆ ನಿಮ್ಮನ್ನು ನಿಲ್ಲಿಸುವುದಕ್ಕೊಂದು ಕಾರಣವಿದೆ. ಸರ್ಕಾರಿ ನೌಕರರ ನಡತೆ ನಿಯಮಗಳನ್ನು ನಾವೆಲ್ಲ ಕುರ್ಚಿಯಲ್ಲಿ ಕೂತು ಓದಿದವರು. ಮೇಜಿನ ಆಚೆ ಬದಿಯಲ್ಲಿ ನಿಂತು ಓದಿದರೆ ಅವು ಬೇರೆಯೇ ಆಗಿ ಕಾಣುತ್ತವೆ.

ಠಾಣೆಯ ಬೆಂಚಿನ ಮೇಲೆ ದೂರುದಾರ ಕೂತಿದ್ದಾನೆ. ಅರವತ್ತರ ಆಸುಪಾಸಿನ ರೈತ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಅರ್ಜಿಯ ಸ್ವೀಕೃತಿ ಚೀಟಿ. ಎರಡು ಎಕರೆ ಜಮೀನಿಗೆ ಪೌತಿ ಖಾತೆ ಆಗಬೇಕು. ಖಾತೆ ತಂದೆಯ ಹೆಸರಲ್ಲೇ ಇರುವುದರಿಂದ ಬೆಳೆಸಾಲ ಸಿಕ್ಕಿಲ್ಲ, ಬೆಳೆಹಾನಿ ಪರಿಹಾರವೂ ಸಿಕ್ಕಿಲ್ಲ. ತಾಲ್ಲೂಕು ಕಚೇರಿಯ ಕೇಸ್ ವರ್ಕರ್ ಐದು ಸಾವಿರ ಕೇಳಿದ್ದಾರೆ. ಠಾಣೆಯವರು ಮೊದಲೇ ಕೊಟ್ಟು ಕಳಿಸಿದ್ದ ಧ್ವನಿಮುದ್ರಕದಲ್ಲಿ ಆ ಮಾತು ದಾಖಲಾಗಿದೆ. ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಅಡಿ ಎಫ್‌ಐಆರ್ ಆಗಿದೆ.

"ಕೊಡೋನ್ ಮೇಲೂ ಕೇಸ್ ಆಗುತ್ತಂತಲ್ಲ ಸ್ವಾಮಿ?" ರೈತ ಇನ್‌ಸ್ಪೆಕ್ಟರನ್ನು ಕೇಳುತ್ತಾನೆ. ಅವನ ಭಯ ಸುಳ್ಳಲ್ಲ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ, ಅಥವಾ ಕೊಡುವ ಮೊದಲೇ ಪೊಲೀಸರಿಗೆ ತಿಳಿಸಿದರೆ, ಕಾನೂನು ಅವನನ್ನು ಕಾಯುತ್ತದೆ. ಇನ್‌ಸ್ಪೆಕ್ಟರ್ ಇದನ್ನು ಎರಡು ಸಲ ಬಿಡಿಸಿ ಹೇಳುತ್ತಾರೆ.

ರೈತ ಒಳಜೇಬಿನಿಂದ ಐನೂರರ ಹತ್ತು ನೋಟು ತೆಗೆದು ಮೇಜಿನ ಮೇಲಿಡುತ್ತಾನೆ. ಒಂದೊಂದರ ನಂಬರನ್ನೂ ನೀವೇ ಓದುತ್ತೀರಿ, ಸಿಬ್ಬಂದಿ ಬರೆದುಕೊಳ್ಳುತ್ತಾರೆ. ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ. ನಿಮ್ಮ ಜೊತೆ ಬಂದ ಎಫ್‌ಡಿಎ ಆ ನೋಟುಗಳನ್ನು ಎತ್ತಿ ರೈತನ ಜೇಬಿಗಿಡುತ್ತಾರೆ. ಆಮೇಲೆ ಸೋಡಿಯಂ ಕಾರ್ಬೋನೇಟ್ ಕರಗಿಸಿದ ನೀರಿನ ಬಟ್ಟಲಲ್ಲಿ ಬೆರಳದ್ದುತ್ತಾರೆ. ತಿಳಿ ನೀರು ನೋಡನೋಡುತ್ತ ಗುಲಾಬಿಗೆ ತಿರುಗುತ್ತದೆ. ಕ್ಷಾರ ತಾಕಿದಾಗ ಮಾತ್ರ ಈ ಪುಡಿ ಬಣ್ಣ ತೋರುತ್ತದೆ. ತಪ್ಪೇ ಮಾಡದ ಆ ಹಿರಿಯರು ತಮ್ಮ ಕೆಂಪಾದ ಕೈ ನೋಡಿ ಒಂದು ಕ್ಷಣ ಮುಖ ತಿರುಗಿಸುತ್ತಾರೆ.

ನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಅರಗು ಹಾಕಿ ಮೊಹರು ಒತ್ತುತ್ತಾರೆ. ನಿಮಗೆ ಬೇರೆ ಕೆಲಸ. ನೀವು ನೆರಳು ಸಾಕ್ಷಿ. ರೈತನ ಜೊತೆಗೇ ಒಳಗೆ ಹೋಗಬೇಕು, ಏನು ನಡೆಯುತ್ತದೆಂದು ನೋಡಬೇಕು, ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳಬೇಕು. "ಅವರು ಕೇಳಿದ್ರೆ ಮಾತ್ರ ಕೊಡಬೇಕು ಯಜಮಾನ್ರೇ. ಕೇಳದೆ ಹೋದ್ರೆ ಹಾಗೇ ವಾಪಸ್ ಬನ್ನಿ" ಎಂದು ಇನ್‌ಸ್ಪೆಕ್ಟರ್ ಒತ್ತಿ ಹೇಳುತ್ತಾರೆ. ಹಣ ಕೈ ಸೇರಿದ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವುದು ಗುರುತು.

ಕಾರಿನಲ್ಲಿ ಎಫ್‌ಡಿಎ ತಮ್ಮ ಹಳೆಯ ಪಂಚನಾಮೆ ನೆನೆಯುತ್ತಾರೆ. ಅವರು ಆಗ ಹೋಗಿದ್ದು ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳದ ಜೊತೆ. 1984ರ ಕಾಯ್ದೆಯಿಂದ ಹುಟ್ಟಿದ ಲೋಕಾಯುಕ್ತದ ಕೈಯಿಂದ 2016ರಲ್ಲಿ ಈ ಕೆಲಸ ಎಸಿಬಿಗೆ ಹೋಗಿತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿದ ಮೇಲೆ ಲೋಕಾಯುಕ್ತ ಪೊಲೀಸರಿಗೆ ಮರಳಿತು. "ಬೋರ್ಡು ಬದಲಾದ್ರೂ ಬಾಟಲಿ, ಪುಡಿ, ಮಹಜರು ಅವೇ" ಎನ್ನುತ್ತಾರೆ. ರೈತ ಕಿಟಕಿಯಾಚೆ ನೋಡುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ನಿಮ್ಮ ಕಡೆ ತಿರುಗಿ, "ಯಾರಾದ್ರೂ ಕೇಳಿದ್ರೆ ಅಣ್ಣನ ಮಗಳು ಅಂತೀನಿ ಕಣವ್ವಾ" ಎನ್ನುತ್ತಾನೆ.

ತಾಲ್ಲೂಕು ಕಚೇರಿ. ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ. ಮೆಟ್ಟಿಲ ಮೇಲೆ ಅರ್ಜಿ ಬರೆದುಕೊಡುವವರು, ಸ್ಟಾಂಪು ಪೇಪರು ಹಿಡಿದವರು, ಕೂಸಿಗೆ ಹಾಲೂಡಿಸುತ್ತ ಗೋಡೆಗೊರಗಿದ ಹೆಂಗಸು. ನೌಕರಿಗೆ ಸೇರಿದಂದಿನಿಂದ ನೀವು ಕಚೇರಿಗಳನ್ನು ಒಳಗಿನಿಂದಲೇ ನೋಡಿದವರು. ಇಂದು ಬಾಗಿಲ ಹೊರಗೆ, ಸಾಲಿನಲ್ಲಿ, ರೈತನ ಹಿಂದೆ ನಿಂತಿದ್ದೀರಿ. ಒಳಗಿನಿಂದ ಯಾರೂ ತಲೆ ಎತ್ತುವುದಿಲ್ಲ. ಒಬ್ಬರು ಫೋನಿನಲ್ಲಿ ನಗುತ್ತಿದ್ದಾರೆ. "ಆಮೇಲೆ ಬನ್ನಿ" ಎಂದು ಯಾರಿಗೋ ಹೇಳಿದ್ದು ಕಿವಿಗೆ ಬೀಳುತ್ತದೆ. ಆ ಮಾತನ್ನು ನೀವೂ ಎಷ್ಟೋ ಜನರಿಗೆ ಹೇಳಿದ್ದೀರಿ. ಇಲ್ಲಿ ನಿಂತು ಕೇಳಿದಾಗ ಅದರ ತೂಕವೇ ಬೇರೆ. ಇವರಿಗೆ ಅದು ಇನ್ನೊಂದು ದಿನದ ಕೂಲಿ, ಇನ್ನೊಂದು ಬಸ್ ಚಾರ್ಜು.

ಸರದಿ ಬಂದಾಗ ರೈತನ ಜೊತೆ ಕೇಸ್ ವರ್ಕರ್ ಮೇಜಿನ ಪಕ್ಕಕ್ಕೆ ಹೋಗುತ್ತೀರಿ.

"ಏನ್ ಯಜಮಾನ್ರೇ, ಹೇಳಿದ್ದು ತಂದ್ರಾ?"

"ತಂದಿದ್ದೀನಿ ಸ್ವಾಮಿ. ಒಂಚೂರು ಕಮ್ಮಿ ಮಾಡ್ಕೊಳ್ಳಿ."

"ಕಮ್ಮಿ ಗಿಮ್ಮಿ ಬೇಡ. ನನ್ನೊಬ್ಬನಿಗೇನಾ ಇದು? ಐದು ಕೊಡಿ, ಈ ವಾರದಲ್ಲೇ ಮುಗಿಯುತ್ತೆ. ಇವರ್ಯಾರು?"

"ಅಣ್ಣನ ಮಗಳು."

ಕೇಸ್ ವರ್ಕರ್ ನಿಮ್ಮತ್ತ ನೋಡಿ ಮುಗುಳ್ನಗುತ್ತಾರೆ. ಬಲಗೈ ಮುಂದೆ ಬರುತ್ತದೆ, ಎರಡೂ ಕೈ ನೋಟು ಎಣಿಸಿ ಅಂಗಿಯ ಜೇಬಿಗಿಳಿಸುತ್ತವೆ. ರೈತ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುತ್ತಾನೆ. ನಿಜಕ್ಕೂ ಬೆವರಿದ್ದಾನೆ.

ಮುಂದಿನದು ಬಲು ಬೇಗ ನಡೆಯುತ್ತದೆ. ನಾಲ್ಕೈದು ಜನ ಒಳಗೆ ಬರುತ್ತಾರೆ, ಗುರುತಿನ ಚೀಟಿ ತೋರಿಸುತ್ತಾರೆ, ಕೇಸ್ ವರ್ಕರ್‌ನ ಎರಡೂ ಮಣಿಕಟ್ಟು ಹಿಡಿಯುತ್ತಾರೆ. ಎರಡು ಬಟ್ಟಲಲ್ಲಿ ಹೊಸ ದ್ರಾವಣ. ಎರಡೂ ಕೈಗಳನ್ನು ಬೇರೆ ಬೇರೆಯಾಗಿ ಅದ್ದಿಸುತ್ತಾರೆ. ಎರಡೂ ಬಟ್ಟಲು ಗುಲಾಬಿಯಾಗುತ್ತವೆ. ಜೇಬಿನ ನೋಟುಗಳ ನಂಬರನ್ನು ಬೆಳಗಿನ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಬದಲಿ ಅಂಗಿ ತರಿಸಿ, ಜೇಬಿನ ಒಳಬದಿಯನ್ನೂ ಅದ್ದಿ ಪರೀಕ್ಷಿಸುತ್ತಾರೆ.

ಆಮೇಲಿನ ಮಧ್ಯಾಹ್ನ ಮುಗಿಯುವುದೇ ಇಲ್ಲ. ಮಹಜರು ಬರೆಯಬೇಕು, ಕಡತ ಜಪ್ತಿ ಮಾಡಬೇಕು, ತಹಶೀಲ್ದಾರರನ್ನು ಕರೆಸಿ ಧ್ವನಿಮುದ್ರಕದ ದನಿ ಯಾರದೆಂದು ಅವರಿಂದ ಗುರುತಿಸಿಕೊಳ್ಳಬೇಕು, ಆರೋಪಿಯ ವಿವರಣೆಯನ್ನು ಬರಹದಲ್ಲಿ ಪಡೆಯಬೇಕು. ಆ ಮನುಷ್ಯನ ಫೋನು ಮೇಜಿನ ಮೇಲೆ ಮತ್ತೆ ಮತ್ತೆ ಅದುರುತ್ತದೆ. ಪರದೆಯ ಮೇಲೆ 'ಮನೆ' ಎಂದಿದೆ. ಅವರು ತಲೆ ಎತ್ತಿ ನಿಮ್ಮನ್ನು ಕೇಳುತ್ತಾರೆ: "ಮೇಡಂ, ನೀವೂ ನೌಕರರೇ ಅಲ್ವಾ?"

ಉತ್ತರ ಕೊಡಬೇಕಾದ ಪ್ರಶ್ನೆ ಇದು. ಹೌದು, ನೀವೂ ನೌಕರರೇ. ಅವರು ಸೇವೆಗೆ ಸೇರಿದಾಗ ಒಪ್ಪಿಕೊಂಡ ನಿಯಮಗಳನ್ನೇ ನೀವೂ ಒಪ್ಪಿಕೊಂಡವರು: 1966ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು, ಈಗ ಅವುಗಳ ಜಾಗದಲ್ಲಿ ಬಂದಿರುವ 2021ರ ನಿಯಮಗಳು. ಪೂರ್ಣ ಪ್ರಾಮಾಣಿಕತೆ, ಕರ್ತವ್ಯನಿಷ್ಠೆ, ಹುದ್ದೆಗೆ ತಕ್ಕ ನಡತೆ ಅವುಗಳ ತಳಹದಿ. ಅದರ ಮೇಲೆ ಉಳಿದವು ನಿಂತಿವೆ. ಪ್ರತಿವರ್ಷ ಆಸ್ತಿ ಮತ್ತು ಹೊಣೆಗಾರಿಕೆಗಳ ಪಟ್ಟಿ ಕೊಡಬೇಕು. ಮಿತಿ ಮೀರಿದ ಉಡುಗೊರೆ ತೆಗೆದುಕೊಳ್ಳಬಾರದು. ಅನುಮತಿ ಇಲ್ಲದೆ ವ್ಯಾಪಾರ ಮಾಡಬಾರದು, ಚಂದಾ ಎತ್ತಬಾರದು. ವರದಕ್ಷಿಣೆ ಕೊಡಬಾರದು, ತೆಗೆದುಕೊಳ್ಳಬಾರದು. ರಾಜಕೀಯ ಪಕ್ಷದ ಕೆಲಸಕ್ಕೆ ಹೋಗಬಾರದು. ಕೈಕೆಳಗಿನವರ ಪ್ರಾಮಾಣಿಕತೆ ಕಾಯುವುದು ಮೇಲಿನವರ ಹೊಣೆ. ಮೇಲಧಿಕಾರಿಯ ಮಾತಿನಂತೆ ನಡೆಯಬೇಕಾಗಿ ಬಂದರೆ, ಸಾಧ್ಯವಿದ್ದಲ್ಲೆಲ್ಲ ಆ ಮಾತನ್ನು ಬರಹದಲ್ಲಿ ಪಡೆಯಬೇಕು.

ಕುರ್ಚಿಯಲ್ಲಿ ಕೂತು ಓದಿದರೆ ಇದು ಬರೀ ಬಾರದುಗಳ ಪಟ್ಟಿ. ಸಂಬಳಕ್ಕೆ ಕೈಯೊಡ್ಡಿದವನ ಕಾಲಿಗೆ ಕಟ್ಟಿದ ಹಗ್ಗದಂತೆ ತೋರುತ್ತದೆ. ಆದರೆ ರೈತ ನಿಂತ ಜಾಗದಿಂದ ಒಂದೊಂದನ್ನೂ ನೋಡಿ. ಆಸ್ತಿ ಪಟ್ಟಿ ಇರುವುದು ಇಂಥ ರೈತರ ಐದೈದು ಸಾವಿರಗಳು ಎಲ್ಲಿ ಹೋಗಿ ಸೈಟು, ಒಡವೆ ಆಗುತ್ತವೆಂದು ಕಾಣಲಿ ಎಂದು. ಉಡುಗೊರೆಗೆ ಮಿತಿ ಇರುವುದು ಗೌರಿ ಹಬ್ಬಕ್ಕೆ ಸೀರೆ ತಂದುಕೊಟ್ಟ ಗುತ್ತಿಗೆದಾರನ ಕಡತ ಈ ಮುದುಕನ ಕಡತವನ್ನು ಹಿಂದೆ ಹಾಕದಿರಲಿ ಎಂದು. ಬರಹದ ಆದೇಶ ಬೇಕೆಂಬ ನಿಯಮವಂತೂ ನೌಕರನಿಗೇ ರಕ್ಷೆ. "ನನ್ನೊಬ್ಬನಿಗೇನಾ ಇದು" ಎಂದು ಕೇಸ್ ವರ್ಕರ್ ಹೇಳಿದ್ದು ನಿಜವೇ ಇದ್ದರೆ, ಮೇಲಿನಿಂದ ಆ ಒತ್ತಡ ಬಂದ ಮೊದಲ ದಿನ "ಬರೆದುಕೊಡಿ ಸಾರ್" ಎನ್ನುವ ಹಕ್ಕು ಅವರಿಗಿತ್ತು. ಅಂದು ಅದನ್ನು ಬಳಸಿದ್ದರೆ ಇಂದು ಅವರ ಕೈ ಈ ಬಟ್ಟಲಿಗೆ ಬರುತ್ತಿರಲಿಲ್ಲ.

ಜಪ್ತಿಯಾದ ಕಡತ ತೆರೆಯುತ್ತಾರೆ. ದಾಖಲೆ ಎಲ್ಲವೂ ಸರಿಯಾಗಿದೆ, ಒಂದು ಹಾಳೆಯೂ ಕಡಿಮೆಯಿಲ್ಲ. ತಡೆದಿದ್ದು ಒಂದು ಸಹಿ ಮಾತ್ರ. ರೈತನ ಕವರಿನಲ್ಲಿ, ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆಯಡಿ ಕೊಟ್ಟ ಸ್ವೀಕೃತಿ ಇದೆ. 2012ರ ಏಪ್ರಿಲ್‌ನಲ್ಲಿ ರಾಜ್ಯವಿಡೀ ಜಾರಿಗೆ ಬಂದ ಆ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಆ ಹಣ ತಡ ಮಾಡಿದ ನೌಕರರಿಂದಲೇ ವಸೂಲಾಗಬೇಕು. ಆ ಚೀಟಿಯನ್ನು ಅವನು ಮಡಿಸಿ ಮಡಿಸಿ ಜೋಪಾನವಾಗಿಟ್ಟಿದ್ದಾನೆ. ಅದರಿಂದ ಏನು ಕೇಳಬಹುದೆಂದು ಅವನಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ಆ ಮೇಜಿನ ಹಿಂದೆ ಕೂತಿದ್ದರು.

ಕತ್ತಲಾಗುವ ಹೊತ್ತಿಗೆ ಮಹಜರಿನ ಪ್ರತಿ ಪುಟಕ್ಕೂ ನೀವು ಸಹಿ ಹಾಕುತ್ತೀರಿ. ಬಾಟಲಿಗಳಿಗೆ ಒತ್ತಿದ ಲೋಹದ ಮೊಹರನ್ನು ಇನ್‌ಸ್ಪೆಕ್ಟರ್ ನಿಮ್ಮ ಕೈಗೆ ಕೊಡುತ್ತಾರೆ. ಅದು ಇನ್ನು ಪೊಲೀಸರ ಬಳಿ ಇರಬಾರದು. ನ್ಯಾಯಾಲಯ ಕೇಳಿದ ದಿನ ತಂದು ತೋರಿಸುವವರೆಗೆ ಸ್ವತಂತ್ರ ಸಾಕ್ಷಿಯ ಬಳಿಯೇ ಇರಬೇಕು. ಹೆಬ್ಬೆರಳಿನಷ್ಟು ಹಿತ್ತಾಳೆ. ಸರ್ಕಾರ ನಿಮ್ಮ ಪ್ರಾಮಾಣಿಕತೆಯನ್ನು ನಂಬಿ ಒಪ್ಪಿಸಿದ ವಸ್ತು ಅದು.

ಆ ಕೇಸ್ ವರ್ಕರ್ ಬಂಧನಕ್ಕೊಳಗಾಗುತ್ತಾರೆ. 48 ಗಂಟೆ ಮೀರಿ ವಶದಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಸಂಬಳದ ಜಾಗದಲ್ಲಿ ಜೀವನಾಧಾರ ಭತ್ಯೆ. ತನಿಖೆ, ಪ್ರಯೋಗಾಲಯದ ವರದಿ, ಸಕ್ಷಮ ಪ್ರಾಧಿಕಾರದ ಮಂಜೂರಾತಿ, ದೋಷಾರೋಪ ಪಟ್ಟಿ. ಎರಡು ವರ್ಷದೊಳಗೆ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಮಗೆ ಸಮನ್ಸ್ ಬರುವ ಹೊತ್ತಿಗೆ ನಿಮ್ಮ ಕಚೇರಿಯೇ ಬದಲಾಗಿದೆ.

ವಿಶೇಷ ನ್ಯಾಯಾಲಯ. ನಿಮಗಿಂತ ಮೊದಲು ರೈತನ ಸಾಕ್ಷಿ ಆಗಿದೆ. ಅವನು ತಿರುಗಿ ನಿಂತಿದ್ದಾನೆ. ಹಣ ಕೇಳಲೇ ಇಲ್ಲ, ಕೈಸಾಲ ತೀರಿಸಲು ನಾನೇ ಕೊಟ್ಟೆ ಎಂದುಬಿಟ್ಟಿದ್ದಾನೆ. ಖಾತೆ ಈಗ ಅವನ ಹೆಸರಿಗಾಗಿದೆ. ಊರಲ್ಲಿ ಬಾಳಬೇಕು, ನಾಳೆ ಇನ್ನೊಂದು ಕಾಗದಕ್ಕೆ ಅದೇ ಕಚೇರಿಗೆ ಹೋಗಬೇಕು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ಅವನು ಕಣ್ಣು ತಪ್ಪಿಸುತ್ತಾನೆ.

ಲಂಚದ ಪ್ರಕರಣದಲ್ಲಿ ಕೈ ಕೆಂಪಾದದ್ದಷ್ಟೇ ಸಾಲದು. ಕೇಳಿದ್ದೂ ತೆಗೆದುಕೊಂಡದ್ದೂ ಎರಡೂ ರುಜುವಾಗಬೇಕು. ದೂರುದಾರ ತಿರುಗಿ ನಿಂತರೆ ಕೇಳಿದ್ದನ್ನು ರುಜುಪಡಿಸುವುದು ಹೇಗೆ? 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ದೂರುದಾರ ಸತ್ತರೂ, ತಿರುಗಿ ನಿಂತರೂ ಪ್ರಕರಣ ತಾನಾಗಿ ಬೀಳುವುದಿಲ್ಲ. ಬೇರೊಬ್ಬ ಸಾಕ್ಷಿಯ ಮಾತಿನಿಂದ, ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ರುಜುಪಡಿಸಬಹುದು. ಈ ಮೊಕದ್ದಮೆಯಲ್ಲಿ ಆ ಬೇರೊಬ್ಬ ಸಾಕ್ಷಿ ನೀವು.

"ನೀವು ಬಾಗಿಲ ಹತ್ತಿರ ಇದ್ರಿ. ಮಾತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ" ಎನ್ನುತ್ತಾರೆ ಆರೋಪಿ ಪರ ವಕೀಲರು.

"ಮೇಜಿನ ಪಕ್ಕದಲ್ಲೇ ಇದ್ದೆ. ಕೇಳಿಸಿತು."

"ಪೊಲೀಸರು ಹೇಳಿಕೊಟ್ಟಿದ್ದನ್ನು ಹೇಳ್ತಿದ್ದೀರಿ. ನಿಮ್ಮ ಥರದವರೇ ಒಬ್ಬ ನೌಕರರ ಬಾಳು ಹಾಳಾಗುತ್ತೆ ಅಂತ ಗೊತ್ತಿದ್ದೂ."

"ಅವರು ಕೇಳಿದರು. ನಾನು ಕೇಳಿಸಿಕೊಂಡೆ."

ತೀರ್ಪು ಏನೇ ಬರಲಿ, ಅದು ನ್ಯಾಯಾಧೀಶರದು. ಅಪರಾಧ ರುಜುವಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸಜೆ. ನಿಮ್ಮ ಪಾಲಿನ ಕೆಲಸ ಈ ಎರಡು ವಾಕ್ಯದಲ್ಲಿ ಮುಗಿಯಿತು. ನಡತೆ ನಿಯಮಗಳನ್ನು ಬಲೆ ಬೀಸುವ ಪೊಲೀಸರಷ್ಟೇ ಉಳಿಸಲಾರರು. ಬಲೆಗೆ ಸಿಕ್ಕಿದ್ದು ಒಂದು ಮಧ್ಯಾಹ್ನ. ನಿಯಮಗಳು ಮಾತಾಡುವುದು ನೌಕರಿಯ ಪ್ರತಿ ದಿನದ ಬಗ್ಗೆ. ಅವನ್ನು ಉಳಿಸುವುದು ರಜೆ ಚೀಟಿ ಬರೆಯದೆ ಪಂಚಳಾಗಿ ಹೋದ ಸಹಾಯಕಿ, "ಬರೆದುಕೊಡಿ ಸಾರ್" ಎಂದ ಗುಮಾಸ್ತ, ಸಾಲಿನಲ್ಲಿ ನಿಂತವನಿಗೆ "ತಡವಾದರೆ ಪರಿಹಾರ ಕೇಳಿ" ಎಂದು ತಾನೇ ಹೇಳಿಕೊಡುವ ಕೇಸ್ ವರ್ಕರ್. ಹೊಸದಾಗಿ ಸೇರುವ ಪ್ರತಿ ನೌಕರರ ತರಬೇತಿಯಲ್ಲೂ ನಿಯಮ ಪುಸ್ತಕ ಕೊಡುವ ಮೊದಲು ಒಂದು ದಿನ ಅವರನ್ನು ತಾಲ್ಲೂಕು ಕಚೇರಿಯ ಸಾಲಿನಲ್ಲಿ ಒಬ್ಬ ಅರ್ಜಿದಾರರ ಹಿಂದೆ ನಿಲ್ಲಿಸಬೇಕು. ಪುಸ್ತಕವನ್ನು ಯಾರಿಗಾಗಿ ಬರೆದಿದ್ದಾರೆಂದು ಅಲ್ಲಿ ತಿಳಿಯುತ್ತದೆ.