ಎಡಗೈಗೂ ಒಂದು ಪಾಲು

ನಮ್ಮ ಕಡೆಯ ತಾಳವಾದ್ಯಗಳಲ್ಲಿ ಕಾಲಿಗೆ ಅಷ್ಟಾಗಿ ಕೆಲಸವಿಲ್ಲ. ಮೃದಂಗವಾಗಲಿ, ತಬಲವಾಗಲಿ, ಯಕ್ಷಗಾನದ ಚಂಡೆ ಮದ್ದಲೆಯಾಗಲಿ, ನುಡಿಸುವುದು ಎರಡು ಕೈಗಳು. ಡೊಳ್ಳಿನವರ ಕಾಲು ಕುಣಿಯುತ್ತದೆ ನಿಜ, ಆದರೆ ಡೊಳ್ಳನ್ನು ಬಡಿಯುವುದು ಕೈಯೇ. ಇನ್ನು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ವೇದಿಕೆಯ ಹಿಂಭಾಗದಲ್ಲಿ, ಮುಖವೂ ಸರಿಯಾಗಿ ಕಾಣದ ಹಾಗೆ ಡೋಲು ತಟ್ಟೆಗಳ ನಡುವೆ ಮುಳುಗಿ ಕೂತ ಹುಡುಗನೊಬ್ಬನನ್ನು ನೀವು ನೋಡಿಯೇ ಇರುತ್ತೀರಿ. ಅವನಿಗೆ ಎರಡು ಕೈ ಸಾಲದು. ಬಲಗಾಲಿನ ಕೆಳಗೊಂದು ಪೆಡಲು. ತುಳಿದರೆ ಅಡ್ಡಲಾಗಿ ನಿಲ್ಲಿಸಿದ ದೊಡ್ಡ ಡೋಲಿಗೆ, ಅಂದರೆ ಬೇಸ್ ಡ್ರಮ್ಮಿಗೆ, ಏಟು ಬೀಳುತ್ತದೆ. ಎಡಗಾಲಿನ ಕೆಳಗೆ ಇನ್ನೊಂದು. ಅದನ್ನು ತುಳಿದರೆ ಒಂದಕ್ಕೊಂದು ಎದುರಾಗಿ ಜೋಡಿಸಿದ ಎರಡು ತಟ್ಟೆಗಳು ಮುಚ್ಚಿಕೊಳ್ಳುತ್ತವೆ, ಬಿಟ್ಟರೆ ತೆರೆಯುತ್ತವೆ. ಇದು ಹೈ-ಹ್ಯಾಟ್. ಮೊಣಕಾಲುಗಳ ನಡುವೆ ಸ್ನೇರ್ ಎಂಬ ಚಪ್ಪಟೆ ಡೋಲು. ಅದರ ಅಡಿಯಲ್ಲಿ ತಂತಿಗಳ ಪಟ್ಟಿಯಿರುವುದರಿಂದ ಹೊಡೆದ ಕೂಡಲೇ ಸಾಸಿವೆ ಸಿಡಿದಂತೆ ಸಿಡಿಯುತ್ತದೆ.

ಮೊದಲು ಇವೆಲ್ಲ ಬೇರೆ ಬೇರೆಯವರ ಕೆಲಸವಾಗಿದ್ದವು. ಮೆರವಣಿಗೆಯ ಬ್ಯಾಂಡಿನಲ್ಲಿ ಇಂದಿಗೂ ದೊಡ್ಡ ಡೋಲಿಗೆ ಒಬ್ಬ, ಸಣ್ಣ ಡೋಲಿಗೆ ಒಬ್ಬ, ಕಂಚಿನ ತಟ್ಟೆಗೆ ಒಬ್ಬ. ಅಮೆರಿಕದ ನಾಟಕಶಾಲೆಗಳಲ್ಲಿ ವಾದ್ಯದವರು ಕೂರುವ ಜಾಗವೂ ಕಡಿಮೆ, ಕೊಡುವ ದುಡ್ಡೂ ಕಡಿಮೆಯಾದಾಗ ಮೂವರ ಕೆಲಸ ಒಬ್ಬನ ತಲೆಗೆ ಬಿತ್ತು. 1909ರಲ್ಲಿ ಶಿಕಾಗೋದ ಲುಡ್ವಿಗ್ ಸಹೋದರರು ಬೇಗ ಬೇಗ ತುಳಿಯಲು ಬರುವ ಪೆಡಲೊಂದನ್ನು ತಯಾರಿಸಿ ಮಾರತೊಡಗಿದರು. 1920ರ ದಶಕದಲ್ಲಿ ಹೈ-ಹ್ಯಾಟ್ ಬಂದು ಎಡಗಾಲಿಗೂ ದುಡಿಮೆ ಸಿಕ್ಕಿತು. ಮೂವರ ಸಂಬಳ ಉಳಿಸಲು ಒಬ್ಬರ ಕೈಕಾಲುಗಳನ್ನೆಲ್ಲ ದುಡಿಸಿಕೊಳ್ಳುವ ಏರ್ಪಾಡು ಹೇಗಿರುತ್ತದೆಂದು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥದೊಂದು ಡ್ರಮ್ ಸೆಟ್ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದೆ. ಮಗ ಇಂಜಿನಿಯರಿಂಗ್ ಓದುವಾಗ ಹಟ ಹಿಡಿದು ಕೊಂಡದ್ದು. ಓದು ಮುಗಿಸಿ, ಕೆಲಸ ಸಿಕ್ಕಿ ಅವನು ಪುಣೆಗೆ ಹೋದ ಮೇಲೆ ಎರಡು ವರ್ಷ ಅದು ನನ್ನ ಹಳೆಯ ಸೀರೆ ಹೊದ್ದುಕೊಂಡು ಕೂತಿತ್ತು. ಮಳೆಗಾಲದಲ್ಲಿ ಅದರ ಸ್ಟ್ಯಾಂಡಿನ ಮೇಲೆ ಒದ್ದೆ ಟವೆಲುಗಳು ಒಣಗತೊಡಗಿದಾಗ ನಮ್ಮವರು ಮಾರಿಬಿಡೋಣವೆಂದರು. ಮಗನಿಗೆ ಪಾಠ ಹೇಳಿದ್ದ ಹುಡುಗನನ್ನೇ ಬೆಲೆ ಕಟ್ಟಲು ಕರೆಸಿದೆವು. ಶಿವಮೊಗ್ಗದ ಸುತ್ತಮುತ್ತ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು, ಮೂವತ್ತು ದಾಟಿರಲಾರದು. ಅವನು ಸೀರೆ ಸರಿಸಿ ನಾಲ್ಕು ನಿಮಿಷ ನುಡಿಸಿದ. ಕಿಟಕಿಯ ಗಾಜು ಅದುರಿತು. ಅವನು ಬೆಲೆ ಹೇಳುವ ಮೊದಲೇ ನನ್ನ ಬಾಯಿಂದ ಬಂತು: "ಐವತ್ನಾಲ್ಕಕ್ಕೆ ಇದನ್ನ ಕಲೀಬಹುದೇನಪ್ಪಾ?" ಅವನು ನಗಲಿಲ್ಲ. ಸ್ಟೂಲಿನ ಎತ್ತರ ಇಳಿಸಿ, "ಕೂತ್ಕೊಳ್ಳಿ ಮೇಡಂ" ಎಂದ. ಅಂದಿನಿಂದ ಅವರು ನನಗೆ ಮೇಷ್ಟ್ರು.

ಮೊದಲ ಪಾಠಕ್ಕೆ ಗ್ರೂವ್ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಗೀರು, ತೋಡು, ಜಾಡು ಎಂಬ ಅರ್ಥಗಳಿವೆ. ಎತ್ತಿನ ಗಾಡಿ ಓಡಾಡಿ ಓಡಾಡಿ ಮಣ್ಣಿನ ದಾರಿಯಲ್ಲಿ ಬಿದ್ದ ಜಾಡಿರುತ್ತದಲ್ಲ, ಹಾಗೆ. ಒಮ್ಮೆ ಚಕ್ರ ಅದರಲ್ಲಿ ಕೂತಿತೆಂದರೆ ಗಾಡಿಯವನು ತೂಕಡಿಸಿದರೂ ಎತ್ತು ಮನೆ ಸೇರುತ್ತದೆ. ಲೆಕ್ಕವೇನೋ ಸುಲಭ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಪ್ರತಿಯೊಂದರ ನಂತರ "ಮತ್ತೆ" ಎನ್ನಬೇಕು. ಒಟ್ಟು ಎಂಟು ಎಣಿಕೆ. ಬಲಗೈ ಎಂಟಕ್ಕೂ ಹೈ-ಹ್ಯಾಟಿನ ಮೇಲೆ. ಬಲಗಾಲು ಒಂದಕ್ಕೆ ಮತ್ತು ಮೂರಕ್ಕೆ. ಎಡಗೈ ಎರಡಕ್ಕೆ ಮತ್ತು ನಾಲ್ಕಕ್ಕೆ ಸ್ನೇರ್ ಮೇಲೆ. ನೀವು ಕೇಳುವ ಸಿನಿಮಾ ಹಾಡುಗಳಲ್ಲಿ ಎಷ್ಟೋ ಈ ಒಂದು ಜಾಡಿನಲ್ಲೇ ಓಡುತ್ತವೆ.

ಆದರೆ ನಮ್ಮ ಕೈಕಾಲುಗಳದು ಅವಿಭಕ್ತ ಕುಟುಂಬ. ಬಲಗೈ ಎದ್ದರೆ ಬಲಗಾಲಿಗೂ ಏಳಬೇಕೆನಿಸುತ್ತದೆ. ಎಡಗೈ ಜೋರಾಗಿ ಮಾತಾಡಿದರೆ ಬಲಗೈ ಹೆದರಿ ಒಂದು ಎಣಿಕೆ ಸುಮ್ಮನಾಗುತ್ತದೆ. "ಕೈ ಹೋದಲ್ಲೆಲ್ಲ ಕಾಲು ಹೋಗ್ತಿದೆ ಮೇಡಂ" ಎನ್ನುತ್ತಿದ್ದರು ಮೇಷ್ಟ್ರು. ಅದನ್ನು ಬಿಡಿಸುವ ಅಭ್ಯಾಸಗಳಿಗೆ ಅವರ ವಿದ್ಯೆಯಲ್ಲಿ ಇಂಡಿಪೆಂಡೆನ್ಸ್ ಎಂದೇ ಹೆಸರು. ಸ್ವಾತಂತ್ರ್ಯ! ಮಾಡುವ ಕ್ರಮ ಮಾತ್ರ ಬಹಳ ತಾಳ್ಮೆಯದು. ಬಲಗೈಯೊಂದನ್ನೇ ಎರಡು ನಿಮಿಷ ಬಿಡದೆ ನುಡಿಸುವುದು. ಅದು ನಮ್ಮ ಗಮನ ಬೇಡದೆ ನಡೆಯುವಂತಾದ ಮೇಲೆ ಕಾಲನ್ನು ಸೇರಿಸುವುದು. ಅವೆರಡೂ ಒಗ್ಗಿದ ಮೇಲೆ ಎಡಗೈ. ವೇಗ ನಿಮಿಷಕ್ಕೆ 60, ಅಂದರೆ ಗೋಡೆ ಗಡಿಯಾರದ ಸೆಕೆಂಡಿನ ನಡೆ. ಐದು ನಿಮಿಷ ಎಡವದೆ ಬಂದರೆ 64. ಎಡವಿದರೆ ಮತ್ತೆ 60.

ಹೆಂಗಸರು ಏಕಕಾಲಕ್ಕೆ ಹತ್ತು ಕೆಲಸ ಮಾಡುತ್ತಾರೆ ಎಂದು ನಮ್ಮನ್ನು ಹೊಗಳುವುದುಂಟು. ಡ್ರಮ್ಮಿನ ಮುಂದೆ ಕೂತು ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ನಾಲ್ಕು ಕೆಲಸದ ಮೇಲೆ ಒಟ್ಟಿಗೆ ಗಮನವಿಡಲು ಯಾರಿಂದಲೂ ಆಗದು. ಮೂರು ರೂಢಿಗೆ ಬಿದ್ದಿರುತ್ತವೆ, ಗಮನ ಒಂದರ ಮೇಲಿರುತ್ತದೆ. ಒಲೆಯ ಮೇಲಿನ ಹಾಲು, ಕುಕ್ಕರಿನ ಸೀಟಿ, ಮಗುವಿನ ಮಗ್ಗಿ ಎಲ್ಲವನ್ನೂ ನಿಭಾಯಿಸುವವಳ ಹಿಂದೆ ಹಲವು ವರ್ಷಗಳ ಜಾಡಿದೆ. ಹುಟ್ಟುಗುಣ ಎಂದು ಅದನ್ನು ಹೊಗಳಿಬಿಟ್ಟರೆ ಆ ವರ್ಷಗಳ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ.

ಕಾಲು ಮಾತು ಕೇಳಲು ಒಂದು ತಿಂಗಳು ಹಿಡಿಯಿತು. ಕೇಳದೆ ಉಳಿದದ್ದು ಎಡಗೈ. ಎರಡಕ್ಕೂ ನಾಲ್ಕಕ್ಕೂ ಅದು ಕೂದಲೆಳೆಯಷ್ಟು ತಡ. ಬಿದ್ದರೂ ಅಳುಕುತ್ತ, ಅನುಮತಿ ಕೇಳಿದ ಹಾಗೆ ಬೀಳುತ್ತಿತ್ತು. "ಬಿಗಿ ಹಿಡೀಬೇಡಿ. ಹೊಡೆದು ಬಿಟ್ಬಿಡಿ, ಕೋಲು ತಾನೇ ಮೇಲಕ್ಕೇಳುತ್ತೆ" ಎಂದು ಮೇಷ್ಟ್ರು ಎಷ್ಟು ಹೇಳಿದರೂ ಆ ಕೈ ಕೋಲನ್ನು ಹಾವಿನ ಕುತ್ತಿಗೆ ಹಿಡಿದಂತೆ ಹಿಡಿಯುತ್ತಿತ್ತು. ಒಂದು ದಿನ ಅವರು ಕೇಳಿದರು, "ಮೇಡಂ, ನೀವು ಚಿಕ್ಕಂದಿನಲ್ಲಿ ಎಡಚರಾ?"

ಹೌದು. ನಾನು ಎಡಗೈಯವಳಾಗಿಯೇ ಹುಟ್ಟಿದವಳು. ತುತ್ತಿಗೆ ಎಡಗೈ ಹೋದರೆ ಅಜ್ಜಿ ಸೌಟಿನ ಹಿಡಿಯಿಂದ ಮಣಿಕಟ್ಟಿಗೆ ತಟ್ಟುತ್ತಿದ್ದರು. ಎಡಗೈಯಲ್ಲಿ ಬಳಪ ಹಿಡಿದರೆ ಶಾಲೆಯಲ್ಲಿ ಬೆರಳಿಗೆ ಪೆಟ್ಟು. ಕುಂಕುಮ ಕೊಡುವುದು, ದುಡ್ಡು ಎಣಿಸಿ ಕೊಡುವುದು, ಆರತಿ ತಟ್ಟೆ ಹಿಡಿಯುವುದು, ಯಾವುದಕ್ಕೂ ಎಡಗೈ ಸಲ್ಲದು. ಏಳು ವರ್ಷ ತುಂಬುವ ಹೊತ್ತಿಗೆ ನಾನು ಬಲಗೈಯವಳಾಗಿದ್ದೆ, ಎಡಗೈ ಸೆರಗಿನ ಹಿಂದೆ ಸೇರಿತ್ತು. ಇಷ್ಟು ವರ್ಷ ಅದರ ನೆನಪೇ ನನಗಿರಲಿಲ್ಲ.

ಮೇಷ್ಟ್ರು ಅಂದು ರಿಂಗೊ ಸ್ಟಾರ್ ಕಥೆ ಹೇಳಿದರು. 1968ರಲ್ಲಿ ಹೃಷಿಕೇಶಕ್ಕೆ ಬಂದಿದ್ದ ಬೀಟಲ್ಸ್ ತಂಡದ ಡ್ರಮ್ಮರ್ ಆತ. 1940ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಅವನೂ ಎಡಚ. ಎಡಗೈ ಒಳ್ಳೆಯದಲ್ಲವೆಂದು ಅವನ ಅಜ್ಜಿಯೂ ಬಲಗೈಯಲ್ಲೇ ಬರೆಯಲು ರೂಢಿ ಮಾಡಿಸಿದಳಂತೆ. ಮುಂದೆ ಬಲಗೈಯವರಿಗೆ ಜೋಡಿಸಿದ ಡ್ರಮ್ ಸೆಟ್ಟಿನಲ್ಲೇ ಕೂತು ನುಡಿಸಿದ. ಆದರೆ ಹಾಡಿನ ಸಾಲುಗಳ ನಡುವೆ ಡೋಲುಗಳ ಮೇಲೆ ಕೈ ಓಡಿಸುವಾಗ ಅವನ ಎಡಗೈ ಮುಂದಾಗುತ್ತಿತ್ತು. ಬಲಗೈಯವರು ಅದನ್ನು ಹಾಗೆಯೇ ನುಡಿಸಹೋದರೆ ಕೈಗೆ ಕೈ ಸಿಕ್ಕಿಕೊಳ್ಳುತ್ತದೆ. ಅವನ ನುಡಿಸಾಣಿಕೆಯ ವಿಶೇಷವೆಂದು ಜಗತ್ತು ಮೆಚ್ಚಿದ್ದರಲ್ಲಿ ಒಂದು ಪಾಲು ಆ ಕೈಯದು. ಲಿವರ್‌ಪೂಲಿನ ಅಜ್ಜಿಗೂ ನಮ್ಮ ಮಲೆನಾಡಿನ ಅಜ್ಜಿಗೂ ಯಾರು ಒಂದೇ ಪಾಠ ಹೇಳಿಕೊಟ್ಟರೋ!

ನಮ್ಮ ಅತ್ತೆಗೆ ಎಂಬತ್ತಾರು. ಅವರ ನಿದ್ದೆಗೆ ಭಂಗ ಬರದಿರಲೆಂದು ನಾನು ಸಂಜೆ ಐದರಿಂದ ಐದೂವರೆಯವರೆಗೆ ಮಾತ್ರ ಡ್ರಮ್ ಮುಟ್ಟುತ್ತೇನೆ. ಉಳಿದ ಅಭ್ಯಾಸ ದಿಂಬಿನ ಮೇಲೆ. ದಿಂಬಿನ ಮೇಲೆ ಕೋಲು ಪುಟಿಯುವುದಿಲ್ಲ, ಪ್ರತಿ ಏಟಿಗೂ ಮಣಿಕಟ್ಟೇ ಎತ್ತಬೇಕು. ಅದರಿಂದ ಕೈಗೆ ಕಸುವು ಬರುತ್ತದೆ. ಒಂದು ರಾತ್ರಿ ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದವರು, "ಎಡಗೈ ಸೋಲ್ತಿದೆಯಲ್ಲೇ" ಎಂದರು. ಆಮೇಲೆ ಅವರೇ ಹೇಳಿದರು. ಅವರ ಕಾಲದಲ್ಲಿ ಒಂದೇ ಒರಳಿಗೆ ಎದುರುಬದುರು ಇಬ್ಬರು ನಿಂತು ಭತ್ತ ಕುಟ್ಟುತ್ತಿದ್ದರಂತೆ. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ಬಲಗೈ ಸೋತರೆ ಒನಕೆಯನ್ನು ಮೇಲೆಯೇ ಬಿಟ್ಟು ಎಡಗೈಯಲ್ಲಿ ಹಿಡಿಯಬೇಕು, ಲಯ ತಪ್ಪಬಾರದು. "ಎಡಗೈ ಬರ್ದಿದ್ರೆ ಅರ್ಧ ಮೂಟೆಗೆ ರಟ್ಟೆ ಬಿದ್ದುಹೋಗ್ತಿತ್ತು" ಎಂದರು.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒನಕೆಗೆ, ಪೊರಕೆಗೆ, ಬಾವಿಯ ಹಗ್ಗಕ್ಕೆ ಎಡಗೈ ಬೇಡವೆಂದು ಯಾರೂ ಅಂದಿರಲಿಲ್ಲ. ದುಡಿಯುವಲ್ಲಿ ಅದಕ್ಕೆ ಮೈಲಿಗೆಯಿರಲಿಲ್ಲ, ಮರ್ಯಾದೆಯ ಜಾಗದಲ್ಲಿ ಮಾತ್ರ ಇತ್ತು. ಇದು ಕೈಯ ಕಥೆ ಮಾತ್ರವೇ ಎಂದು ನೀವೇ ಯೋಚಿಸಿ.

ಡ್ರಮ್ಮಿನ ಪಾಠಗಳಲ್ಲಿ ಆ ಭೇದವಿಲ್ಲ. ಪ್ಯಾರಾಡಿಡಲ್ ಎಂಬ ಹಳೆಯ ಅಭ್ಯಾಸವೊಂದಿದೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಎಂಟು ಏಟುಗಳಲ್ಲಿ ನಾಲ್ಕು ಬಲಕ್ಕೆ, ನಾಲ್ಕು ಎಡಕ್ಕೆ. ಮುಂದಾಳುತನವೂ ಒಂದು ಸಲ ಇವರಿಗೆ, ಒಂದು ಸಲ ಅವರಿಗೆ. ಬಲಗೈಗೆ ತಕಿಟ, ಎಡಗೈಗೆ ತಕಧಿಮಿ ಕೊಟ್ಟು ಒಟ್ಟಿಗೆ ಹೊರಡಿಸುವ ಅಭ್ಯಾಸ ಇನ್ನೊಂದು. ಆಯಾ ಗುಂಪಿನ ಮೊದಲ ಅಕ್ಷರಕ್ಕೆ ಮಾತ್ರ ಏಟು. ಮೂರು ಮತ್ತು ನಾಲ್ಕರ ಲ.ಸಾ.ಅ. ಹನ್ನೆರಡು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೇವಲ್ಲ, ಅದನ್ನು ಕೈಯಾರೆ ಕಾಣಬಹುದು. ಹನ್ನೆರಡು ಎಣಿಕೆಯಲ್ಲಿ ಬಲಗೈ ನಾಲ್ಕು ಏಟು, ಎಡಗೈ ಮೂರು ಏಟು ಹೊಡೆದು, ಮತ್ತೆ ಮೊದಲ ಎಣಿಕೆಗೆ ಇಬ್ಬರೂ ಕೂಡುತ್ತಾರೆ. ಬಾಯಲ್ಲಿ ಸೊಲ್ಲು ಹೇಳಿಕೊಂಡರೆ ಕೈ ಬೇಗ ಒಪ್ಪುತ್ತದೆ. ಚಿಕ್ಕಂದಿನಲ್ಲಿ ಕಲಿತ ನಾಲ್ಕು ಅಲಂಕಾರ ಐವತ್ತು ದಾಟಿದ ಮೇಲೆ ಹೀಗೆ ಉಪಯೋಗಕ್ಕೆ ಬಂತು.

ಬಾಸ್ಟನ್ನಿನ ಜಾರ್ಜ್ ಲಾರೆನ್ಸ್ ಸ್ಟೋನ್ ಎಂಬ ಮೇಷ್ಟ್ರು 1935ರಲ್ಲಿ ಪ್ರಕಟಿಸಿದ 'ಸ್ಟಿಕ್ ಕಂಟ್ರೋಲ್' ಇಂದಿಗೂ ಕಲಿಯುವವರ ಬಾಲಬೋಧೆ. ಮೊದಲ ಅಭ್ಯಾಸ ಬಲ ಎಡ, ಬಲ ಎಡ. ಎರಡನೆಯದೂ ಅದೇ, ಆದರೆ ಎಡದಿಂದ ಆರಂಭ. ಪ್ರತಿಯೊಂದನ್ನೂ ಇಪ್ಪತ್ತು ಸಲ ನುಡಿಸಬೇಕು. ಮೂರನೆಯ ತಿಂಗಳಲ್ಲಿ ಒಂದು ಸಂಜೆ ಆ ಎರಡನೆಯ ಸಾಲನ್ನು ನುಡಿಸುತ್ತಿದ್ದಾಗ, ಹದಿನಾಲ್ಕೋ ಹದಿನೈದೋ ಸಲಕ್ಕೆ, ಎಡಗೈಯ ಬಿಗಿ ತಾನಾಗಿ ಸಡಿಲಿತು. ಕೋಲು ತಾನೇ ಪುಟಿದೆದ್ದಿತು. ಕೆಳಗಿನಿಂದ ಅತ್ತೆ, "ಈಗ ಸರಿಯಾಯ್ತು ನೋಡು" ಎಂದು ಕೂಗಿದರು. ಬಹಳ ವರ್ಷದ ಮೇಲೆ ತವರಿಗೆ ಬಂದವಳು ಸೆರಗು ಬಿಗಿದು ಅಂಗಳದಲ್ಲಿ ಓಡಾಡಿದ ಹಾಗಿತ್ತು ಆ ಕೈಯ ನಡೆ. ನಾನು ಇಪ್ಪತ್ತಕ್ಕೆ ನಿಲ್ಲಿಸಲಿಲ್ಲ.

"ಈ ವಯಸ್ಸಿನಲ್ಲಿ, ಹೆಂಗಸರಿಗೆ..." ಎಂದು ಸ್ಟಾಫ್ ರೂಮಿನಲ್ಲಿ ಅರ್ಧಕ್ಕೆ ನಿಲ್ಲಿಸುವ ಮಾತುಗಳಿಗೇನೂ ಕಡಿಮೆಯಿಲ್ಲ. ಅಂಥವರಿಗೆ ನಾನು ಬೆಂಗಳೂರಿನಲ್ಲಿ ನೆಲೆಸಿ ಘಟವಾದನದಲ್ಲಿ ಹೆಸರು ಮಾಡಿದ ಸುಕನ್ಯಾ ರಾಮಗೋಪಾಲ್ ಅವರ 'ಸ್ತ್ರೀ ತಾಳ ತರಂಗ' ತಂಡದ ವಿಷಯ ಹೇಳುತ್ತೇನೆ. ಅಮೆರಿಕದ ವಯೋಲಾ ಸ್ಮಿತ್ 1942ರಲ್ಲೇ ಹೆಣ್ಣು ವಾದಕರಿಗೂ ಅವಕಾಶ ಕೊಡಿ ಎಂದು ಪತ್ರಿಕೆಯಲ್ಲಿ ವಾದಿಸಿ ಬರೆದ ಡ್ರಮ್ಮರ್. 2020ರಲ್ಲಿ ತೀರಿಕೊಂಡಾಗ ಆಕೆಗೆ 107 ವರ್ಷ. ವಯಸ್ಸಿನ ಮಾತು ಅಲ್ಲಿಗೆ ಮುಗಿಯುತ್ತದೆ.

ಮುಗಿಯದ ಮಾತು ನನ್ನ ತರಗತಿಯಲ್ಲಿದೆ. ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು ಎನ್ನುತ್ತಾರೆ. ಎಂಟನೆಯ ತರಗತಿಯ ಒಬ್ಬ ಹುಡುಗಿ, ನಾನು ಬೆಂಚಿನ ಹತ್ತಿರ ಹೋದ ಕೂಡಲೇ ಪೆನ್ನನ್ನು ಎಡಗೈಯಿಂದ ಬಲಗೈಗೆ ದಾಟಿಸುತ್ತಿದ್ದಳು. ಎಡಗೈಯಲ್ಲಿ ಬರೆದದ್ದು ಮುತ್ತಿನಂಥ ಅಕ್ಷರ, ಬಲಗೈಯಲ್ಲಿ ಬರೆದದ್ದು ಕಾಗೆಕಾಲು. ತಾಯಿಯನ್ನು ಕರೆಸಿದೆ. "ಮದುವೆಯಾಗಿ ಹೋಗೋ ಹುಡುಗಿ ಟೀಚರ್, ನೀವೇ ಹೊಡೆದು ಬಿಡಿಸಿ" ಎಂದರು ಆಕೆ. ನಾನು ಎರಡು ಪೆನ್ಸಿಲು ತೆಗೆದುಕೊಂಡು ಮೇಜಿನ ಮೇಲೆ ನಿಧಾನವಾಗಿ ಬಲ ಎಡ ಬಲ ಬಲ, ಎಡ ಬಲ ಎಡ ಎಡ ನುಡಿಸಿದೆ. "ನನಗೂ ಹೊಡೆದು ಬಿಡಿಸಿದ್ರಮ್ಮಾ. ಆ ಕೈ ವಾಪಸ್ ಬರೋದಕ್ಕೆ ಸುಮಾರು ಐವತ್ತು ವರ್ಷ ಬೇಕಾಯ್ತು" ಎಂದೆ. ಆಕೆ ಬಹಳ ಹೊತ್ತು ಮಗಳ ಕೈಯನ್ನೇ ನೋಡುತ್ತಿದ್ದು, "ಬರೆಯೋದು ಬೇಕಾದ್ರೆ ಬರೀಲಿ. ಊಟ ಮಾತ್ರ ಬಲಗೈಲೇ" ಎಂದರು. ಅಷ್ಟಕ್ಕೆ ಒಪ್ಪಿಸಿದ್ದೇ ದೊಡ್ಡದು. ಈಗ ಆ ಹುಡುಗಿಯ ಪೆನ್ನು ಕೈ ಬದಲಾಯಿಸುವುದಿಲ್ಲ.

ಈ ವರ್ಷ ಶಾಲೆಯ ಬ್ಯಾಂಡಿನ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. ಆಗಸ್ಟ್ 15ಕ್ಕೆ ಸಣ್ಣ ಡೋಲಿಗೆ ಇಬ್ಬರು ಬೇಕು. ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡಿದ್ದೇನೆ. ತಾಯಿಯನ್ನು ಕೇಳುವುದೊಂದು ಬಾಕಿಯಿದೆ.