ಐನೂರ ಮೂರರಲ್ಲಿ ಇನ್ನೂರ ಎಪ್ಪತ್ತೆಂಟು

2024ರ ಮಾರ್ಚ್ 26, ಮಂಗಳವಾರ. ಹುಳಿಯಾರು ಹೋಬಳಿಯ ಒಂದು ಸರ್ಕಾರಿ ಶಾಲೆ. ಐದನೇ ತರಗತಿಯ ಕೋಣೆಯೊಳಕ್ಕೆ ಬಂದು ಹಿಂದಿನ ಗೋಡೆಗೆ ಒರಗಿ ನಿಂತುಕೊಳ್ಳಿ. ಬಿಸಿಯೂಟ ಮುಗಿದಿದೆ. ತಟ್ಟೆ ತೊಳೆದ ನೀರು ಅಂಗಳದ ತೆಂಗಿನ ಸಸಿಯ ಪಾತಿಗೆ ಹರಿಯುತ್ತಿದೆ. ಬರದ ವರ್ಷ, ಆ ನೀರನ್ನೂ ಯಾರೂ ದಂಡ ಮಾಡುವುದಿಲ್ಲ. ದಿನಾ ಒಬ್ಬರ ಮೈಗೊಬ್ಬರು ಒತ್ತಿಕೊಂಡು ಕೂರುವ ಮಕ್ಕಳು ಇವತ್ತು ದೂರ ದೂರ ಕೂತಿದ್ದಾರೆ. ಮೇಲ್ವಿಚಾರಣೆಗೆ ಬಂದ ಮೇಷ್ಟ್ರು ಬೇರೆ ಶಾಲೆಯವರು. ಯಾರ ಹೆಸರೂ ಗೊತ್ತಿಲ್ಲದೆ, ‘ಏ ಕಿಟಕಿ ಹತ್ರ ಇರೋಳು, ಮುಂದೆ ನೋಡವ್ವ’ ಅನ್ನುತ್ತಾರೆ.

ಗಣಿತದ ಪತ್ರಿಕೆ. ಪ್ರಶ್ನೆಯ ಕೆಳಗೇ ಉತ್ತರ ಬರೆಯುವ ಪುಸ್ತಿಕೆ. ಊರಿನವರ ಬಾಯಲ್ಲಿ ಇದು ಪಬ್ಲಿಕ್ ಪರೀಕ್ಷೆ. ಇಲಾಖೆಯ ಕಾಗದದಲ್ಲಿ ಸಂಕಲನಾತ್ಮಕ ಮೌಲ್ಯಾಂಕನ.

ಹಿಂದೆಯೇ ಮುಗಿಯಬೇಕಿದ್ದ ಪರೀಕ್ಷೆ ಇದು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. ಮಾರನೇ ದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಶುರುವಾದದ್ದು 12ಕ್ಕೆ ಸುಪ್ರೀಂ ಕೋರ್ಟಿನಲ್ಲಿ ನಿಂತುಹೋಯಿತು. 22ಕ್ಕೆ ವಿಭಾಗೀಯ ಪೀಠ ಮತ್ತೆ ಒಪ್ಪಿ, 25ಕ್ಕೆ ಉಳಿದ ವಿಷಯಗಳು ಆರಂಭವಾದವು. ವಾದವೆಲ್ಲ ಶಿಕ್ಷಣ ಹಕ್ಕು ಕಾಯ್ದೆಯ ಸುತ್ತ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಎಂದು ಅದರ 30ನೇ ಸೆಕ್ಷನ್ ಹೇಳುತ್ತದೆ. ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೆಯಲ್ಲಿ ಪರೀಕ್ಷೆ ಇಡಬೇಕು ಎಂದು 2019ರಲ್ಲಿ ತಿದ್ದುಪಡಿಯಾದ 16ನೇ ಸೆಕ್ಷನ್ ಹೇಳುತ್ತದೆ. ಯಾರನ್ನೂ ಫೇಲು ಮಾಡುವುದಿಲ್ಲ ಎಂದು ಸರ್ಕಾರ ಹೇಳಿತ್ತು. ಹತ್ತು ವರ್ಷದ ಮಗುವಿಗೆ ಇದರಲ್ಲಿ ತಲುಪಿದ್ದು ಒಂದೇ ಸಂಗತಿ: ಇವತ್ತು ಓದಿಕೊಂಡು ಬಾ, ಇವತ್ತು ಬೇಡ, ಮತ್ತೆ ಓದಿಕೊಂಡು ಬಾ.

ಕಿಟಕಿ ಪಕ್ಕದ ಹುಡುಗಿಯ ಹತ್ತಿರ ಬನ್ನಿ. ಪ್ರಶ್ನೆಯನ್ನು ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು ಓದುತ್ತಾಳೆ. ಕಳೆಯಬೇಕು ಅನ್ನುವುದು ಸರಿಯಾಗಿಯೇ ಹೊಳೆಯಿತು. ಅಂಚಿನಲ್ಲಿ ಒಂದರ ಕೆಳಗೊಂದು ಬರೆದುಕೊಂಡಳು: 503, ಕೆಳಗೆ 278. ಬಿಡಿಯ ಮನೆಯಲ್ಲಿ ಮೂರು, ಅದರಡಿ ಎಂಟು. ಪೆನ್ನು ನಿಂತಿತು. ಕಣ್ಣು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೋಗಿಬಂತು. ಐದು ಬರೆದಳು. ಹತ್ತರ ಮನೆಯಲ್ಲಿ ಸೊನ್ನೆ, ಅದರಡಿ ಏಳು. ಈ ಸಲ ಅಷ್ಟು ಹೊತ್ತು ಹಿಡಿಯಲಿಲ್ಲ, ಏಳು. ನೂರರ ಮನೆಯಲ್ಲಿ ಐದರಲ್ಲಿ ಎರಡು ಕಳೆದು ಮೂರು. ಒಟ್ಟು 375. ಉತ್ತರಕ್ಕೆ ಚೌಕಟ್ಟು ಹಾಕಿ ನೆಟ್ಟಗೆ ಕೂತಳು.

ಬರಬೇಕಿದ್ದದ್ದು 225. ಆದರೆ ಆ 375 ಸುಮ್ಮನೆ ಬಾಯಿಗೆ ಬಂದ ಅಂಕಿಯಲ್ಲ. ಮೂರೂ ಮನೆಯಲ್ಲಿ ಒಂದೇ ನಿಯಮವನ್ನು ತಪ್ಪದೆ ಪಾಲಿಸಿದ್ದಾಳೆ: ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ಯಾವಾಗಲೋ, ಯಾರೋ ಕಲಿಸಿದ ಮಾತನ್ನು ಎಲ್ಲ ಕಡೆಗೂ ಹೊಂದಿಸಿಕೊಂಡಿದ್ದಾಳೆ. ಅವಳಿಗೆ ಗೊತ್ತಿಲ್ಲದ್ದು ಏನು, ಗೊತ್ತಿರುವುದು ಏನು ಎಂಬುದೆರಡೂ ಆ ಅಂಚಿನಲ್ಲೇ ಇವೆ. ಇಡೀ ಪುಸ್ತಿಕೆಯಲ್ಲಿ ಅವಳ ಮಿಸ್ಸಿಗೆ ಬೇಕಾದದ್ದು ಅದು. ಆ ಮಿಸ್ಸೋ ಈ ಕೋಣೆಯಲ್ಲಿಲ್ಲ.

ಗಂಟೆ ಹೊಡೆಯಿತು. ಪುಸ್ತಿಕೆಗಳನ್ನು ಎಣಿಸಿ, ಕಟ್ಟಿ, ಸೀಲ್ ಮಾಡುತ್ತಾರೆ. ಕಟ್ಟು ತಾಲ್ಲೂಕು ಮಟ್ಟದ ಮೌಲ್ಯಮಾಪನಕ್ಕೆ ಹೊರಟಿತು. ಅಲ್ಲಿ ಆ 375ರ ಮೇಲೆ ಕೆಂಪು ಗೀಟು ಬೀಳುತ್ತದೆ, ಸೊನ್ನೆ ಬೀಳುತ್ತದೆ, ಮುಂದಿನ ಪುಟ. ಅವಳ ಶಾಲೆಗೆ ಮರಳಬೇಕಾದದ್ದು ಅಂಕಿಯೊಂದೇ. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೂ ತಡೆ ಕೊಟ್ಟಿತು.

ಪರೀಕ್ಷೆಯೇ ಬೇಡ ಅನ್ನುವವರ ಜೊತೆ ನಾನಿಲ್ಲ. ಲೆಕ್ಕ ಮನೆಗೂ ಬೇಕು. ಆ ತಿಂಗಳು ಇಲ್ಲಿಯ ಮನೆಮನೆಯಲ್ಲೂ ನಾಫೆಡ್‌ನ ಕೊಬ್ಬರಿ ಖರೀದಿಯದೇ ಮಾತು: ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ, ಅದರ ಮೇಲೆ ರಾಜ್ಯದ 1,500. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದ ಕಾಯಿ ಸುಲಿದು ಮಾರುವ ದಿನ, ಚೀಲದ ತೂಕ ಕಳೆದು ನಿವ್ವಳ ಎಷ್ಟು ಎಂದು ಅಪ್ಪ ಕೇಳಿದರೆ ಈ ಹುಡುಗಿ ಹೇಳುವಂತಿರಬೇಕು. ಅದು ಬರುತ್ತದೋ ಇಲ್ಲವೋ ಎಂದು ಯಾರಾದರೂ ನೋಡಲೇಬೇಕು. ಆದರೆ ನೋಡಿದ್ದನ್ನು ಅವಳಿಗೆ ಹೇಳಬೇಕು.

ಇದೇ ತಂಡದ ಮಕ್ಕಳು ಆರನೇ ತರಗತಿಯಲ್ಲಿದ್ದಾಗ, 2024ರ ಡಿಸೆಂಬರ್ 4ರಂದು, ದೇಶದಾದ್ಯಂತ ಆಯ್ದ ಶಾಲೆಗಳಲ್ಲಿ ‘ಪರಖ್’ ರಾಷ್ಟ್ರೀಯ ಸರ್ವೇಕ್ಷಣೆ ನಡೆಯಿತು. 781 ಜಿಲ್ಲೆ, 74,229 ಶಾಲೆ, ಮೂರು, ಆರು ಮತ್ತು ಒಂಬತ್ತನೇ ತರಗತಿಯ 21 ಲಕ್ಷ ಮಕ್ಕಳು. ಮೂಲ ಲೆಕ್ಕಗಳೂ ಹತ್ತರವರೆಗಿನ ಮಗ್ಗಿಯೂ ಗೊತ್ತಿದ್ದದ್ದು ಆರನೇ ತರಗತಿಯ ಶೇ. 53ರಷ್ಟು ಮಕ್ಕಳಿಗೆ ಎಂಬುದು ಮರುವರ್ಷ ಹೊರಬಿತ್ತು. ದೆಹಲಿಗೂ ಬೆಂಗಳೂರಿಗೂ ಆ ಅಂಕಿ ಬೇಕು, ಒಪ್ಪುತ್ತೇನೆ. ಉಳಿದ ಶೇ. 47ರಲ್ಲಿ ಸೊನ್ನೆಯ ಹತ್ತಿರ ತಡವರಿಸಿದವರು ಯಾರು ಎಂದು ಅದು ಹೇಳುವುದಿಲ್ಲ. ಹೇಳುವುದಕ್ಕೆಂದು ಮಾಡಿದ ಪರೀಕ್ಷೆಯೂ ಅದಲ್ಲ. ಅದನ್ನು ಹೇಳುವುದು ಐದನೇ ತರಗತಿಯ ಪುಸ್ತಿಕೆಯಿಂದ ಆಗಬಹುದಿತ್ತು. ಮೌಲ್ಯಮಾಪನ ಮುಗಿದ ಮೇಲೆ ಆ ಕಟ್ಟು ಬಂದ ದಾರಿಯಲ್ಲೇ ಶಾಲೆಗೆ ವಾಪಸ್ ಹೋದರೆ ಸಾಕಿತ್ತು.

ಈಗ 2024ರ ಜೂನ್ ತಿಂಗಳಿಗೆ ವಾಪಸ್ ಬನ್ನಿ, ಆರನೇ ತರಗತಿಯ ಕೋಣೆಗೆ. ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಸರಿಪಡಿಸುವ ಸೇತುಬಂಧದ ದಿನಗಳು. ಪೂರ್ವ ಪರೀಕ್ಷೆಯ ಪ್ರಶ್ನೆಗಳನ್ನು ಮಿಸ್ಸೇ ಬೋರ್ಡಿನ ಮೇಲೆ ಬರೆದಿದ್ದಾರೆ. ಕೋರ್ಟಿಲ್ಲ, ಸೀಲಿಲ್ಲ; ನೋಟ್‌ಬುಕ್ಕುಗಳು ಅವರ ಮೇಜಿನ ಮೇಲೇ ಇವೆ. ಒಂದನ್ನು ಹಿಡಿದುಕೊಂಡು ಕರೆದರು.

‘ಇಲ್ಲಿ ಬಾರೆ. ಸೊನ್ನೇಲಿ ಏಳು ಕಳೆದ್ರೆ ಏಳು ಹೆಂಗ್ ಬಂತು?’

‘ದೊಡ್ಡುದ್ರಲ್ಲಿ ಚಿಕ್ಕುದು ಕಳೀಬೇಕಲ್ವಾ ಮಿಸ್?’

ಮಿಸ್ ಬಯ್ಯಲಿಲ್ಲ. ಬೀರುವಿನಿಂದ ಗಣಿತ ಕಲಿಕಾ ಆಂದೋಲನದ ಕಿಟ್ ತೆಗೆದು, ಆಟದ ನೋಟುಗಳಲ್ಲಿ ನೂರರದು ಐದು, ಒಂದು ರೂಪಾಯಿಯದು ಮೂರು ಅವಳ ಕೈಗಿಟ್ಟರು. ‘ನಾನು ಅಂಗಡಿಯೋಳು. ಇನ್ನೂರ ಎಪ್ಪತ್ತೆಂಟು ಕೊಡು.’

ಹುಡುಗಿ ಎರಡು ನೂರು ಕೊಟ್ಟಳು. ಕೈಯಲ್ಲಿದ್ದದ್ದನ್ನು ಎರಡು ಸಲ ಎಣಿಸಿದಳು.

‘ಚಿಲ್ರೆ ಇಲ್ಲ ಮಿಸ್. ಒಂದು ನೂರು ಮುರಿಸ್ಬೇಕು.’

‘ಮುರಿಸ್ಕೋ ಮತ್ತೆ.’

ಒಂದು ನೂರಕ್ಕೆ ಹತ್ತರ ನೋಟು ಹತ್ತು ಬಂದವು. ಏಳು ಕೊಟ್ಟಳು. ಬಿಡಿ ಎಂಟಕ್ಕೆ ಮತ್ತೆ ನಿಂತು, ಕೇಳದೆಯೇ ಒಂದು ಹತ್ತನ್ನು ಮುಂದೆ ಚಾಚಿದಳು.