ಹಿತ್ತಿಲ ಕಲ್ಲು

1960ರ ದಶಕದ ನಡುವಿನ ಮಾತು. ನಾನು ಆಗ ಎಂಟನೆಯ ತರಗತಿಯಲ್ಲಿ ಓದುತ್ತಿದ್ದೆ. ಒಂದು ದಿನ ನಮ್ಮ ಕನ್ನಡದ ಗುರುಗಳು ಕಪ್ಪುಹಲಗೆಯ ಮೇಲೆ ‘ನಮ್ಮ ಊರಿನ ಇತಿಹಾಸ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಆ ವಿಷಯವಾಗಿ ಎರಡು ಪುಟಗಳ ಪ್ರಬಂಧವನ್ನು ಬರೆದು ತರಬೇಕೆಂದು ಹೇಳಿದರು. ನಾನು ಅಂದು ರಾತ್ರಿ ಕಂದೀಲಿನ ಬೆಳಕಿನಲ್ಲಿ ಬಹಳ ಹೊತ್ತು ಕುಳಿತೆ. ಎರಡು ಪುಟಗಳಿರಲಿ, ಎರಡು ಸಾಲುಗಳೂ ಹೊಳೆಯಲಿಲ್ಲ. ಕೊನೆಗೆ, “ನಮ್ಮ ಊರು ಸಂಶಿ. ಇಲ್ಲಿ ಯಾವ ರಾಜನೂ ಆಳಲಿಲ್ಲ. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ, ಯುದ್ಧವಾಗಲಿಲ್ಲ. ಆದ್ದರಿಂದ ನಮ್ಮ ಊರಿಗೆ ಇತಿಹಾಸವಿಲ್ಲ” ಎಂದು ಬರೆದು ಮುಗಿಸಿಬಿಟ್ಟೆ.

ಗುರುಗಳು ಅದನ್ನು ಓದಿ ಸಿಟ್ಟಾಗಲಿಲ್ಲ, ಮುಗುಳ್ನಕ್ಕರು. “ಇತಿಹಾಸವಿಲ್ಲದ ಊರು ಎಲ್ಲಿಯೂ ಇಲ್ಲ ತಮ್ಮಾ. ನಿಮ್ಮ ಮನೆಯಲ್ಲಿ ಹಿರಿಯರು ಯಾರಿದ್ದಾರೆ?” ಎಂದು ಕೇಳಿದರು. “ಆಯಿ ಇದ್ದಾಳೆ, ಎಂಬತ್ತು ವರ್ಷದವಳು” ಎಂದೆ. “ಹಾಗಾದರೆ ಹೋಗಿ ಆಕೆಯನ್ನು ಕೇಳು; ಬರೆದುಕೊಂಡು ಬಾ” ಎಂದರು. ನಾನು ಕೇಳಲಿಲ್ಲ. ಓದುಬರಹ ಬಾರದ ಅಜ್ಜಿಗೆ ಇತಿಹಾಸವೇನು ತಿಳಿದೀತು ಎಂಬುದು ನನ್ನ ಎಣಿಕೆಯಾಗಿತ್ತು. ಆ ದಿನ ಕೇಳದೆ ಉಳಿದುದರ ಬೆಲೆಯೇನೆಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಶಿಯು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಊರು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲು ಕುಂದಗೋಳವನ್ನು ದಾಟಿದ ಮೇಲೆ ನಮ್ಮ ನಿಲ್ದಾಣವನ್ನು ಮುಟ್ಟುತ್ತದೆ. ಸುತ್ತಲೂ ಕಣ್ಣು ಹಾಯುವವರೆಗೆ ಎರೆಭೂಮಿ. ಮಳೆಗಾಲದಲ್ಲಿ ಆ ಕರಿಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟಿಕೊಂಡು ಹೆಜ್ಜೆ ಎತ್ತಗೊಡುವುದಿಲ್ಲ. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ಜೋಳ, ಕಡಲೆ, ಕುಸುಬೆ, ಮೆಣಸಿನಕಾಯಿ, ಹತ್ತಿ ಇವು ಆ ನೆಲದ ಬೆಳೆಗಳು. ಮೆಣಸಿನಕಾಯಿ ಒಣಹಾಕಿದಾಗ ಕಣಗಳೆಲ್ಲ ಕೆಂಪು. ಹತ್ತಿ ಒಡೆದಾಗ ಹೊಲಗಳೆಲ್ಲ ಬಿಳುಪು. ಈ ಎರಡು ಬಣ್ಣಗಳ ನಡುವೆಯೇ ನಮ್ಮ ಬಾಲ್ಯ ಕಳೆಯಿತು.

ನಮ್ಮ ನೆರೆಯ ಊರುಗಳ ಹೆಸರು ದೊಡ್ಡದು. ಕುಂದಗೋಳದಲ್ಲಿ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವಿದೆ. ಹಿಂದುಸ್ತಾನಿ ಸಂಗೀತದಲ್ಲಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು 1886ರಲ್ಲಿ ಜನಿಸಿದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥವರಿಗೆ ಗುರುಗಳಾಗಿ 1952ರಲ್ಲಿ ತೀರಿಕೊಂಡರು. ಕಳಸದ ಗೋವಿಂದ ಭಟ್ಟರ ಮತ್ತು ಅವರ ಶಿಷ್ಯ ಶಿಶುನಾಳ ಶರೀಫರ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಅರಸರ ವಿಷಯವಾಗಿಯೂ ಹಾಗೆಯೇ. ಬ್ರಿಟಿಷರ ಕಾಲದಲ್ಲಿ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು, ಸವಣೂರಿನಲ್ಲಿ ನವಾಬನಿದ್ದ, ಹುಬ್ಬಳ್ಳಿಯಲ್ಲಿ ನೇರವಾಗಿ ಬ್ರಿಟಿಷರ ಆಳ್ವಿಕೆಯಿತ್ತು. ಈ ಸಂಸ್ಥಾನಗಳು 1948ರಲ್ಲಿ ಭಾರತದಲ್ಲಿ ವಿಲೀನವಾದವು. ಇವೆಲ್ಲವೂ ಪಾಠದಲ್ಲಿ, ಮಾತಿನಲ್ಲಿ ಬರುತ್ತಿದ್ದವು. ಇವುಗಳ ನಡುವೆ ನಮ್ಮ ಊರಿನದೆಂದು ಹೇಳಿಕೊಳ್ಳಲು ನನಗೆ ಏನೂ ಕಾಣಲಿಲ್ಲ.

ನಮ್ಮ ಮನೆಯ ಹಿತ್ತಿಲಲ್ಲಿ ಬಾವಿಯ ಪಕ್ಕಕ್ಕೆ ಒಂದು ಚಪ್ಪಟೆಯ ಕಲ್ಲು ಬಿದ್ದಿತ್ತು. ಒಂದೂವರೆ ಮೊಳ ಉದ್ದ, ಒಂದು ಮೊಳ ಅಗಲ. ಅದರ ನಡುಭಾಗ ಕನ್ನಡಿಯಂತೆ ನುಣುಪಾಗಿ, ತುಸುವೇ ತಗ್ಗಾಗಿತ್ತು. ಅದು ಬಟ್ಟೆ ಒಗೆಯುವ ಕಲ್ಲಲ್ಲ, ಖಾರ ಅರೆಯುವ ಕಲ್ಲೂ ಅಲ್ಲ. ಅಜ್ಜಿಯು ಅದರ ಮೇಲೆ ಯಾರನ್ನೂ ಕಾಲಿಡಗೊಡುತ್ತಿರಲಿಲ್ಲ. ಒಮ್ಮೆ ನಾನು ಕುಡುಗೋಲನ್ನು ಅದರ ಮೇಲೆ ಮಸೆಯತೊಡಗಿದಾಗ ಅವಳು ಕೋಲೂರಿಕೊಂಡು ಬಂದು, “ಬಿಡೋ ತಮ್ಮಾ, ಅದು ಬರೇ ಕಲ್ಲಲ್ಲ. ಆ ಕಲ್ಲು ಕೊಟ್ಟ ರೊಟ್ಟಿ ತಿಂದು ಬೆಳದಾಕಿ ನಾನು” ಎಂದು ಗದರಿದಳು. ಕಲ್ಲು ರೊಟ್ಟಿ ಕೊಡುವುದೆಂದರೇನು? ಮುದುಕಿಗೆ ಅರಳುಮರಳೆಂದುಕೊಂಡು ನಾನು ನಕ್ಕೆ. ನನ್ನ ತಮ್ಮಂದಿರಿಗೂ ಹೇಳಿ ನಗಿಸಿದೆ. ಅಜ್ಜಿ ಮತ್ತೆ ಮಾತಾಡಲಿಲ್ಲ. ಸೆರಗಿನಿಂದ ಆ ಕಲ್ಲನ್ನು ಒರೆಸಿ ಒಳಗೆ ಹೋದಳು.

ಎರಡು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಳು. ಅನಂತರ ನಾನು ಕಾಲೇಜು ವ್ಯಾಸಂಗಕ್ಕಾಗಿ ಧಾರವಾಡಕ್ಕೆ ಹೋದೆ.

ಧಾರವಾಡದ ಗ್ರಂಥಾಲಯವೊಂದರಲ್ಲಿ ಒಂದು ಮಧ್ಯಾಹ್ನ ಹಳೆಯದೊಂದು ಇಂಗ್ಲಿಷ್ ಗ್ರಂಥ ನನ್ನ ಕೈಗೆ ಬಂದಿತು. ಅದು ಮುಂಬಯಿ ಸರಕಾರವು ಜೇಮ್ಸ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ಸಂಪಾದಕತ್ವದಲ್ಲಿ 1884ರಲ್ಲಿ ಹೊರತಂದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು. ಕುತೂಹಲದಿಂದ ಹಾಳೆಗಳನ್ನು ತಿರುವುತ್ತಿದ್ದಾಗ ಹತ್ತಿಯ ವಿಷಯ ಬಂದಿತು. ಅಲ್ಲಿ ಹತ್ತಿಯ ಬೀಜವನ್ನು ಬೇರ್ಪಡಿಸುವ ಹಳೆಯ ಪದ್ಧತಿಯ ವಿವರಣೆಯಿತ್ತು. ಅದನ್ನು ಓದುತ್ತ ಹೋದಂತೆ ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಆ ಪದ್ಧತಿ ಹೀಗಿತ್ತು. ಒಂದು ಚಪ್ಪಟೆಯ ಕಲ್ಲನ್ನು ನೆಲದ ಮೇಲೆ ಇಡುವುದು. ಅದರ ಮೇಲೆ ಕಬ್ಬಿಣದ ಒಂದು ಸಲಾಕೆ. ಹೆಂಗಸು ಕುಳ್ಳು ಮಣೆಯ ಮೇಲೆ ಕುಳಿತು, ಅಂಗಾಲುಗಳಿಗೆ ಮರದ ಹಲಗೆಗಳನ್ನು ಕಟ್ಟಿಕೊಂಡು, ಆ ಸಲಾಕೆಯನ್ನು ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾಳೆ. ಸಲಾಕೆಯ ಕೆಳಗೆ ಕೈಯಿಂದ ಹತ್ತಿಯನ್ನು ಒಡ್ಡುತ್ತಾಳೆ. ಎಳೆಗಳು ಸಲಾಕೆಯ ಅಡಿಯಲ್ಲಿ ನುಸುಳಿ ಹೋಗುತ್ತವೆ. ದಪ್ಪನಾದ ಬೀಜ ನುಸುಳಲಾರದೆ ಈಚೆಗೇ ಉಳಿಯುತ್ತದೆ. ಬೀಜ ಒಡೆಯುವುದಿಲ್ಲ, ಎಳೆ ತುಂಡಾಗುವುದಿಲ್ಲ. ಯಂತ್ರವೆಂದರೆ ಒಂದು ಕಲ್ಲು, ಒಂದು ಸಲಾಕೆ, ಒಬ್ಬ ಹೆಂಗಸಿನ ಎರಡು ಕಾಲು, ಇಷ್ಟೇ.

ನಮ್ಮ ಹಿತ್ತಿಲ ಕಲ್ಲಿನ ನಡುಭಾಗವೇಕೆ ನುಣುಪಾಗಿತ್ತೆಂಬುದು ಆಗ ನನಗೆ ತಿಳಿಯಿತು. ಅಜ್ಜಿಯ ಮಾತಿನ ಅರ್ಥವೂ ತಿಳಿಯಿತು.

ಆ ಮೇಲೆ ಹತ್ತಿಯ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಸೀಮೆಯ ಹಳೆಯ ನಾಡಹತ್ತಿಗೆ ಪರದೇಶದ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಕಡಲದಂಡೆಯ ಊರು. ರೈಲು ಬರುವ ಮೊದಲು ನಮ್ಮ ಭಾಗದ ಅರಳೆಯನ್ನು ಅಂಡಿಗೆಗಳಲ್ಲಿ ತುಂಬಿ, ಎತ್ತಿನ ಬಂಡಿಗಳ ಮೇಲೆ ಹೇರಿ, ಮಲೆನಾಡಿನ ಕಾಡುಗಳನ್ನು ದಾಟಿ, ಘಟ್ಟ ಇಳಿಸಿ ಕುಮಟೆಯ ಬಂದರಿಗೆ ಒಯ್ಯುತ್ತಿದ್ದರು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ. ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು. ಬೆಳೆದ ಊರುಗಳ ಹೆಸರನ್ನು ಯಾರೂ ಕೇಳಲಿಲ್ಲ.

ಬ್ರಿಟಿಷರಿಗೆ ಈ ನಾಡಹತ್ತಿಯಿಂದ ತೃಪ್ತಿಯಾಗಲಿಲ್ಲ. ಅವರ ಗಿರಣಿಗಳಿಗೆ ಉದ್ದನೆಯ ಎಳೆ ಬೇಕಾಗಿತ್ತು. ಆದ್ದರಿಂದ 1840ರ ದಶಕದಲ್ಲಿ ಅಮೆರಿಕದ ಹತ್ತಿಯ ಬೀಜವನ್ನು ತರಿಸಿದರು. ಅಲ್ಲಿಯ ಬೇಸಾಯಗಾರರನ್ನೂ ಕರೆಸಿ, ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವನ್ನು ಮಾಡಿದರು. ಭಾರತದ ಬೇರೆ ಹಲವು ಕಡೆ ಸೋತ ಆ ಪ್ರಯತ್ನ ಧಾರವಾಡದ ನೆಲದಲ್ಲಿ ಗೆದ್ದಿತು. ಆದರೆ ಆ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಲ್ಲು ಸಲಾಕೆಗಳಿಗೆ ಬಗ್ಗುವುದಿಲ್ಲ. ಅದಕ್ಕೆ ಹಲ್ಲುಗಳುಳ್ಳ ಯಂತ್ರವೇ ಬೇಕಾಯಿತು. ಮುಂದೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದಾಗ ಕೆಳಗಿಳಿಯಿತು. ಸಾವಿರಾರು ಹರದಾರಿ ದೂರದ ಯುದ್ಧವೊಂದು ನಮ್ಮ ಎರೆಹೊಲದ ಒಕ್ಕಲಿಗನ ಕೈಗೆ ಹಣವನ್ನು ಕೊಟ್ಟು ಮತ್ತೆ ಕಿತ್ತುಕೊಂಡಿತು. ‘ಇಲ್ಲಿ ಯುದ್ಧವಾಗಲಿಲ್ಲ’ ಎಂದು ನಾನು ಬರೆದಿದ್ದೆನಲ್ಲವೇ?

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ನಮ್ಮ ಕಡೆಗೆ ಹಳಿಗಳನ್ನು ಹಾಕಿತು. 1888ರ ಹೊತ್ತಿಗೆ ರೈಲು ಮಾರ್ಮಗೋವಾ ಬಂದರಿನವರೆಗೆ ಹೋಗತೊಡಗಿತು. ಘಟ್ಟ ಇಳಿಯುವ ಬಂಡಿಗಳು ಕಡಿಮೆಯಾದವು. ಕುಮಟೆಯ ಬಂದರು ಕಳೆಗುಂದಿತು. ಹುಬ್ಬಳ್ಳಿ, ಗದಗುಗಳಲ್ಲಿ ಉಗಿಯಂತ್ರದ ಹತ್ತಿ ಗಿರಣಿಗಳು ಎದ್ದವು. ನೂರಾರು ಊರುಗಳಲ್ಲಿ ಕಲ್ಲಿನ ಮುಂದೆ ಕುಳಿತು ದುಡಿಯುತ್ತಿದ್ದ ಹೆಂಗಸರ ಕೆಲಸ ಮೆಲ್ಲಮೆಲ್ಲನೆ ಇಲ್ಲವಾಯಿತು. ಬಾಲ್ಯದಲ್ಲಿ ನಾವು ನಿಲ್ದಾಣಕ್ಕೆ ಓಡಿಹೋಗಿ ಉಗಿಬಂಡಿಯ ಸಿಳ್ಳು ಕೇಳಿ ಕುಣಿಯುತ್ತಿದ್ದೆವು. ಆ ಸಿಳ್ಳು ಯಾರ ಮನೆಗೆ ಏನನ್ನು ತಂದಿತು, ಯಾರ ಮನೆಯಿಂದ ಏನನ್ನು ಒಯ್ದಿತು ಎಂದು ನಾವು ಯೋಚಿಸಿರಲಿಲ್ಲ.

ಈ ವಿಷಯಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ದೀಪಾವಳಿಯ ರಜೆಗೆ ಊರಿಗೆ ಹೊರಟೆ. ಕಲ್ಲನ್ನು ತೊಳೆದು ಪಡಸಾಲೆಯಲ್ಲಿ ಇಡಬೇಕು, ಗುರುಗಳನ್ನು ಕರೆದು ತೋರಿಸಬೇಕು ಎಂದುಕೊಂಡೆ. ಮನೆಗೆ ಹೋಗಿ ನೋಡಿದರೆ ಹಿತ್ತಿಲು ಬದಲಾಗಿತ್ತು. ದನದ ಕೊಟ್ಟಿಗೆಯ ಗೋಡೆ ಮಳೆಗೆ ಕುಸಿದಿದ್ದರಿಂದ ಅಪ್ಪ ಹೊಸದನ್ನು ಕಟ್ಟಿಸಿದ್ದ. “ಇಲ್ಲಿದ್ದ ಕಲ್ಲು ಎಲ್ಲಿ?” ಎಂದು ಕೇಳಿದೆ. “ಪಾಯಕ್ಕೆ ಕಲ್ಲು ಸಾಲಲಿಲ್ಲ, ಒಡೆದು ಹಾಕಿದಿವಿ” ಎಂದ. ಅಪ್ಪನ ಮೇಲೆ ಸಿಟ್ಟಾಗುವ ಅಧಿಕಾರ ನನಗೆಲ್ಲಿತ್ತು? ಅದರ ಬೆಲೆಯನ್ನು ಅರಿತಿದ್ದವಳು ಒಬ್ಬಳೇ. ಅವಳು ಹೇಳಲು ಬಂದಾಗ ನಕ್ಕವನು ನಾನು.

ನಮ್ಮ ಹಿರಿಯ ಅತ್ತೆ, ಎಂದರೆ ಅಪ್ಪನ ಅಕ್ಕ, ಹಬ್ಬಕ್ಕೆ ಬಂದಿದ್ದಳು. ಅವಳ ಬಳಿ ಕುಳಿತು ಕೇಳಿದೆ. ಅವಳಿಗೆ ಸ್ವಲ್ಪ ತಿಳಿದಿತ್ತು. ಪ್ಲೇಗು ಬೇನೆ ನಮ್ಮ ಜಿಲ್ಲೆಯನ್ನು ಸುಲಿದ ವರ್ಷಗಳಲ್ಲಿ ಅಜ್ಜಿಯ ತಂದೆ ತೀರಿಕೊಂಡನಂತೆ. ಅಜ್ಜಿ ಆಗ ಚಿಕ್ಕ ಹುಡುಗಿ. ಅವಳ ಹಿಂದೆ ಇನ್ನೂ ಎರಡು ಕೂಸುಗಳು. ಹತ್ತಿ ಆ ಹೊತ್ತಿಗೆ ಗಿರಣಿಗೆ ಹೋಗುತ್ತಿತ್ತು. ಆದರೆ ಗಿರಣಿಯಲ್ಲಿ ಬೀಜ ಒಡೆಯುತ್ತದೆ, ಬಿತ್ತನೆಗೆ ಕಲ್ಲಿನಲ್ಲಿ ಬಿಡಿಸಿದ ಬೀಜವೇ ಆಗಬೇಕು ಎಂದು ಕೆಲವು ಒಕ್ಕಲುಮನೆಯವರು ಹತ್ತಿಯನ್ನು ಆ ವಿಧವೆಯ ಮನೆಗೇ ತಂದು ಹಾಕುತ್ತಿದ್ದರಂತೆ. ಅವಳು ಹಗಲೆಲ್ಲ ಸಲಾಕೆಯನ್ನು ಉರುಳಿಸಿ ಬೀಜ ಬಿಡಿಸಿಕೊಟ್ಟು, ಅದಕ್ಕೆ ಪ್ರತಿಯಾಗಿ ಬಂದ ಜೋಳದಿಂದ ಮೂರು ಮಕ್ಕಳನ್ನು ಬೆಳೆಸಿದಳು. ಅವಳು ಸತ್ತ ಮೇಲೆ ಅಜ್ಜಿಯು ಆ ಕಲ್ಲನ್ನು ತವರಿನಿಂದ ಬಂಡಿಯಲ್ಲಿ ಹೇರಿಸಿಕೊಂಡು ಬಂದಿದ್ದಳು. ತವರಿನಿಂದ ಅವಳು ತಂದ ಆಸ್ತಿ ಅದೊಂದೇ.

“ಅತ್ತೀ, ಆಯಿಯ ಅವ್ವನ ಹೆಸರೇನು?” ಎಂದು ನಾನು ಕೇಳಿದೆ.

ಅತ್ತೆ ಬಹಳ ಹೊತ್ತು ನೆನಪು ಮಾಡಿಕೊಂಡಳು. “ಹೆಸರು ನನಗೂ ತಿಳೀಲಿಲ್ಲಪ್ಪಾ. ಅವ್ವ ಕರದ್ದೂ ‘ಅವ್ವ’ ಅಂತಲೇ. ನಾವು ಕೇಳಲಿಲ್ಲ” ಎಂದಳು.

ಆ ಹೆಸರು ನನಗೆ ಇಂದಿಗೂ ಸಿಕ್ಕಿಲ್ಲ. ಅಂಥ ಹೆಂಗಸರು ಹೇಗೆ ಕುಳಿತು ಹೇಗೆ ದುಡಿಯುತ್ತಿದ್ದರೆಂಬುದನ್ನು ಹೊರನಾಡಿನಿಂದ ಬಂದ ಅಧಿಕಾರಿಗಳು ವಿಚಾರಿಸಿ ಪುಸ್ತಕದಲ್ಲಿ ಬರೆಯಿಸಿದರು. ಅವರಿಗೆ ಬೇಕಾಗಿದ್ದುದು ಹತ್ತಿ. ಆದ್ದರಿಂದ ಅದರ ಕೆಲಸವನ್ನು ಬರೆದಿಟ್ಟರು, ಕೆಲಸ ಮಾಡಿದವಳ ಹೆಸರನ್ನು ಬರೆಯಲಿಲ್ಲ. ಅದು ಸಹಜ. ಹೆಸರನ್ನು ನೆನಪಿಟ್ಟುಕೊಳ್ಳಬೇಕಾಗಿದ್ದವರು ಮನೆಯವರಾದ ನಾವು. ಎಂಟನೆಯ ತರಗತಿಯ ಆ ಸಂಜೆ ಗುರುಗಳ ಮಾತಿನಂತೆ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಉತ್ತರ ಹೇಳುವವಳು ಅಂದು ಕಟ್ಟೆಯ ಮೇಲೆ, ನನ್ನಿಂದ ಹತ್ತು ಹೆಜ್ಜೆಯ ದೂರದಲ್ಲಿ ಕುಳಿತಿದ್ದಳು.

ಆಗಿನಿಂದ ಹತ್ತಿಯ ಕತೆಯೂ ಬಹಳ ಮುಂದೆ ಸಾಗಿದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು ರೂಪಿಸಿದರು, ಅದರ ಹಿಂದೆ ಬೇರೆ ತಳಿಗಳು ಬಂದವು, 2002ರಲ್ಲಿ ಬಿ.ಟಿ. ಹತ್ತಿಗೆ ಭಾರತದಲ್ಲಿ ಒಪ್ಪಿಗೆ ದೊರೆಯಿತು. 1990ರ ದಶಕದಲ್ಲಿ ನಮ್ಮ ರೈಲುದಾರಿಯ ಮೀಟರ್‌ಗೇಜು ಹೋಗಿ ಅಗಲ ಹಳಿಗಳು ಬಂದವು. ಈಗಿನ ರೈತ ಬೀಜವನ್ನು ಪೊಟ್ಟಣದಲ್ಲಿ ಕೊಂಡು ತರುತ್ತಾನೆ. ಹೀಗಿರುವಾಗ ಕಲ್ಲಿನ ಮೇಲೆ ಬೀಜ ಬಿಡಿಸಿದವರ ನೆನಪನ್ನು ಹೇಳುವವರು ಊರಿನಲ್ಲಿ ಯಾರೂ ಉಳಿದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಬಳಕೆ ತಪ್ಪಿದ ವಸ್ತು ಒಂದಾದರೂ ಇದ್ದೀತು: ಮೂಲೆಗೆ ಒರಗಿಸಿದ ಕೂರಿಗೆಯ ಬಟ್ಟಲು, ಅಟ್ಟದ ಮೇಲಿನ ಕೊಳಗ, ತುಕ್ಕು ಹಿಡಿದ ಬಂಡಿಯ ಕೀಲು. ಅದರ ಕತೆ ಬಲ್ಲವರೂ ಒಬ್ಬರು ಇದ್ದಾರು. ಅವರು ಗದರಿದರೆ ನಗಬೇಡಿರಿ; ಏಕೆ ಗದರಿದರೆಂದು ಕೇಳಿರಿ. ವಸ್ತು ಹೋದರೆ ಅದರಂಥದೇ ಇನ್ನೊಂದು ಎಲ್ಲಿಯಾದರೂ ಸಿಗಬಹುದು. ಹೇಳುವವರು ಹೋದ ಮೇಲೆ ಕೇಳಲು ಯಾವ ಊರಿಗೆ ಹೋಗುವುದು?

ನಾನು ಈಗ ಒಂದು ದಪ್ಪ ವಹಿಯನ್ನು ಇಟ್ಟುಕೊಂಡಿದ್ದೇನೆ. ಊರಿಗೆ ಹೋದಾಗಲೆಲ್ಲ ಹಿರಿಯರ ಬಳಿ ಕುಳಿತು, ಅವರ ತಾಯಿ ಯಾರು, ತಾಯಿಯ ತಾಯಿ ಯಾರು, ಯಾವ ಕೆಲಸ ಮಾಡಿ ಬದುಕಿದರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಈವರೆಗೆ ಅರವತ್ತಕ್ಕಿಂತ ಹೆಚ್ಚು ಹೆಸರುಗಳು ಸೇರಿವೆ. ಮೊದಲನೆಯ ಪುಟದಲ್ಲಿ ನನ್ನ ಅಜ್ಜಿಯ ಹೆಸರನ್ನು ಬರೆದಿದ್ದೇನೆ. ಅದರ ಮೇಲಿನ ಸಾಲು ಖಾಲಿಯಿದೆ.